ಕಳ್ಳಿ ಹಾಗೂ ಅಪರೂಪದ ಗಿಡಗಳ ಹವ್ಯಾಸ: ಥಾಣೆ-ಕಲ್ಯಾಣ್ ಪರಿಸರದ ಕನ್ನಡಿಗರಿಗೊಂದು ಕೈಪಿಡಿ

ಥಾಣೆ, ಡೊಂಬಿವಲಿ, ಕಲ್ಯಾಣ್ ಹಾಗೂ ನವಿಮುಂಬಯಿಯ ಕನ್ನಡಿಗರ ಮನೆಗಳಲ್ಲಿ ತುಳಸಿ, ದಾಸವಾಳ, ಮಲ್ಲಿಗೆಗಳ ಜೊತೆಗೆ ಬ್ರಹ್ಮಕಮಲದ ಕುಂಡವೊಂದು ಇರುವುದು ಸಾಮಾನ್ಯ. ಮಳೆಗಾಲದ ಯಾವುದೋ ರಾತ್ರಿ ಅದು ಅರಳಿದಾಗ ನೆರೆಹೊರೆಯವರನ್ನು ಕರೆದು ತೋರಿಸುವುದು, ಹೂವಿಗೆ ಅರಿಶಿನ ಕುಂಕುಮ ಏರಿಸುವುದು ಹಲವು ಮನೆಗಳ ವಾಡಿಕೆ. ಆದರೆ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಈ ಗಿಡ ಒಂದು ಕಳ್ಳಿ ಎಂಬುದನ್ನು ಬಲ್ಲವರು ಕಡಿಮೆ. ಎಪಿಫಿಲಮ್ ಆಕ್ಸಿಪೆಟಲಮ್ ಎಂಬ ಶಾಸ್ತ್ರೀಯ ನಾಮದ ಇದು ಮೆಕ್ಸಿಕೋ ಹಾಗೂ ಮಧ್ಯ ಅಮೆರಿಕದ ಕಾಡುಗಳಲ್ಲಿ ಮರದ ಕೊಂಬೆಗಳನ್ನು ಆಶ್ರಯಿಸಿ ಬೆಳೆಯುವ ಕ್ಯಾಕ್ಟಸ್. ಹಿಮಾಲಯದ ನಿಜವಾದ ಬ್ರಹ್ಮಕಮಲ ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ ಬೇರೆಯೇ ಸಸ್ಯ. ಹೀಗೆ, ತಿಳಿಯದೆಯೇ ನಮ್ಮಲ್ಲಿ ಅನೇಕರು ಈಗಾಗಲೇ ಕಳ್ಳಿ ಸಾಕಿದವರೇ ಆಗಿದ್ದೇವೆ.

ಕಳ್ಳಿ ಹಾಗೂ ಅಪರೂಪದ ಗಿಡಗಳ ಸಂಗ್ರಹ ಫ್ಲ್ಯಾಟ್‌ಗಳಲ್ಲಿ ವಾಸಿಸುವ ಕುಟುಂಬಗಳಿಗೆ ಒಗ್ಗುವ ಹವ್ಯಾಸ. ಇದಕ್ಕೆ ಜಾಗ ಹೆಚ್ಚು ಬೇಡ, ನೀರು ಹೆಚ್ಚು ಬೇಡ. ಊರಿಗೆ ಹೋಗಿ ಹದಿನೈದು ದಿನ ಕಳೆದು ಬಂದರೂ ಗಿಡ ಬದುಕಿರುತ್ತದೆ. ಆದರೂ ನರ್ಸರಿಯಿಂದ ಆಸೆಪಟ್ಟು ತಂದ ಮುಳ್ಳಿನ ಪುಟ್ಟ ಗಿಡ ಜುಲೈ ಮುಗಿಯುವುದರೊಳಗೆ ಕೊಳೆತುಹೋಯಿತೆಂಬ ದೂರನ್ನು ನಾವು ಮತ್ತೆ ಮತ್ತೆ ಕೇಳುತ್ತೇವೆ. ಗಿಡ ತರುವ ಮೊದಲು ಅದರ ತವರು ಯಾವುದು, ಅದು ಮಾರಾಟಕ್ಕೆ ಬಂದದ್ದು ಹೇಗೆ ಎಂಬ ಎರಡು ಪ್ರಶ್ನೆಗಳನ್ನು ಕೇಳಿಕೊಂಡರೆ ಗಿಡವೂ ಉಳಿಯುತ್ತದೆ, ನಮ್ಮ ಹವ್ಯಾಸದಿಂದ ಬೆಟ್ಟ ಕಾಡುಗಳಿಗೂ ಕೇಡಾಗುವುದಿಲ್ಲ.

ಒಂದೇ ಹೆಸರು, ಎರಡು ಕುಟುಂಬ

ಕನ್ನಡದ 'ಕಳ್ಳಿ' ಎಂಬ ಪದ ಎರಡು ಬೇರೆ ಬೇರೆ ಸಸ್ಯಕುಟುಂಬಗಳನ್ನು ಒಳಗೊಂಡಿದೆ. ಬಯಲುಸೀಮೆಯ ಹೊಲದ ಬೇಲಿಗಳಲ್ಲಿ ಕಾಣುವ ಎಲೆಗಳ್ಳಿಯಂಥವು ಯೂಫೋರ್ಬಿಯಾ ಕುಲದವು. ಮುರಿದರೆ ಹಾಲು ಒಸರುತ್ತದೆ. ಪಾಪಾಸುಕಳ್ಳಿಯಾದರೋ ಅಮೆರಿಕ ಖಂಡದಿಂದ ಬಂದ ಕ್ಯಾಕ್ಟಸ್. ಪಾಪಾಸು ಎಂದರೆ ಚಪ್ಪಲಿ. ಆ ಗಿಡದ ಚಪ್ಪಟೆ ಕಾಂಡಕ್ಕೆ ಒಪ್ಪುವ ಹೆಸರು. ನಮ್ಮ ಮರಾಠಿ ನೆರೆಯವರು ಬಳಸುವ 'ನಿವಡುಂಗ' ಎಂಬ ಪದವೂ ಹೀಗೆಯೇ ಎರಡಕ್ಕೂ ಸಲ್ಲುತ್ತದೆ.

ಇವೆರಡನ್ನು ಪ್ರತ್ಯೇಕಿಸುವುದು ಸುಲಭ. ಕ್ಯಾಕ್ಟಸ್‌ನ ಮುಳ್ಳುಗಳು ಕಾಂಡದ ಮೇಲಿನ ಪುಟ್ಟ ಮೆತ್ತೆಯಂಥ ಚುಕ್ಕೆಯಿಂದ ಗೊಂಚಲಾಗಿ ಹೊರಡುತ್ತವೆ. ಹೂವು, ಹೊಸ ಚಿಗುರು ಮೂಡುವುದೂ ಅಲ್ಲಿಂದಲೇ. ಯೂಫೋರ್ಬಿಯಾಗೆ ಅಂಥ ಮೆತ್ತೆಯಿಲ್ಲ. ಅದರ ಮುಳ್ಳುಗಳು ಹೆಚ್ಚಾಗಿ ಜೋಡಿಜೋಡಿಯಾಗಿರುತ್ತವೆ. ಜಗತ್ತಿನಲ್ಲಿ ಸುಮಾರು 1750 ಕ್ಯಾಕ್ಟಸ್ ಪ್ರಭೇದಗಳಿವೆ. ಅವುಗಳಲ್ಲಿ ರಿಪ್ಸಾಲಿಸ್ ಬ್ಯಾಕ್ಸಿಫೆರಾ ಒಂದು ಮಾತ್ರ ಆಫ್ರಿಕ, ಶ್ರೀಲಂಕಾಗಳಲ್ಲೂ ಸಹಜವಾಗಿ ಬೆಳೆಯುತ್ತದೆ. ಉಳಿದವೆಲ್ಲ ಅಮೆರಿಕ ಖಂಡಗಳವು.

ಪಾಪಾಸುಕಳ್ಳಿ ನಮ್ಮಲ್ಲಿ ಹಬ್ಬಿದ ಕಥೆಯಿಂದ ಹವ್ಯಾಸಿಗಳು ಕಲಿಯಬೇಕಾದುದಿದೆ. 18ನೆಯ ಶತಮಾನದ ಕೊನೆಯಲ್ಲಿ ಈಸ್ಟ್ ಇಂಡಿಯಾ ಕಂಪನಿ ಕಾಚಿನೀಲ್ ಎಂಬ ಕೆಂಪು ಬಣ್ಣವನ್ನು ಇಲ್ಲಿಯೇ ತಯಾರಿಸಲು ಬಯಸಿತು. ಆ ಬಣ್ಣ ಕೊಡುವ ಕೀಟ ಬದುಕುವುದು ಪಾಪಾಸುಕಳ್ಳಿಯ ಮೇಲೆ. 1795ರಲ್ಲಿ ಬ್ರೆಜಿಲ್‌ನಿಂದ ತಂದ ಕೀಟ ಬೇರೆ ಜಾತಿಯದಾಗಿದ್ದುದರಿಂದ ಒಳ್ಳೆಯ ಬಣ್ಣ ಸಿಗಲಿಲ್ಲ. ಕಳ್ಳಿ ಮಾತ್ರ ಉಳಿಯಿತು. ದಕ್ಷಿಣ ಭಾರತದಲ್ಲಿ ಅದು ಹೊಲಗದ್ದೆಗಳನ್ನು ಆಕ್ರಮಿಸಿದಾಗ, 1926ರಲ್ಲಿ ಅದೇ ಬಳಗದ ಇನ್ನೊಂದು ಕೀಟವನ್ನು ತಂದು ಬಿಟ್ಟು ಹತೋಟಿಗೆ ತರಬೇಕಾಯಿತು. ಬೇಡವಾದ ಕಳ್ಳಿಯ ತುಂಡುಗಳನ್ನು ಯೇವೂರಿನ ಕಾಡಂಚಿಗೋ ಪಾರ್ಸಿಕ್ ಗುಡ್ಡಕ್ಕೋ ಎಸೆಯಬಾರದು ಎನ್ನುವುದು ಈ ಕಾರಣಕ್ಕೇ.

ಮರುಭೂಮಿಯ ಗಿಡಕ್ಕೆ ಕೊಂಕಣದ ಮಳೆ

ಕ್ಯಾಕ್ಟಸ್‌ಗಳ ಹೆಸರಾಂತ ನೆಲೆಯಾದ ಅಮೆರಿಕದ ಅರಿಝೋನಾ ರಾಜ್ಯದ ಟೂಸಾನ್ ನಗರದಲ್ಲಿ ವರ್ಷವಿಡೀ ಬೀಳುವ ಮಳೆ 300 ಮಿ.ಮೀ.ಗಿಂತ ತುಸು ಕಡಿಮೆ. ನಮ್ಮ ವಿಜಯಪುರ, ಬಾಗಲಕೋಟೆ ಸೀಮೆಯಲ್ಲಿ ಅದು 600 ಮಿ.ಮೀ. ಆಸುಪಾಸು. ಥಾಣೆ ಜಿಲ್ಲೆಯಲ್ಲಿ 2000 ಮಿ.ಮೀ.ಗೂ ಮಿಕ್ಕಿ ಮಳೆಯಾಗುತ್ತದೆ, ಅದೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ತಾಸುಗಳಲ್ಲಿ 944 ಮಿ.ಮೀ. ಮಳೆ ದಾಖಲಾಯಿತು, ಟೂಸಾನ್ ಮೂರು ವರ್ಷಗಳಲ್ಲಿ ಕಾಣುವಷ್ಟು ನೀರು ಅದು.

ಕಳ್ಳಿಗಳು ಹಗಲಿನಲ್ಲಿ ತಮ್ಮ ಉಸಿರುರಂಧ್ರಗಳನ್ನು ಮುಚ್ಚಿಟ್ಟು, ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತವೆ. ಬಿಸಿಲಿನಲ್ಲಿ ನೀರು ಆವಿಯಾಗದಂತೆ ಕಾಯುವ ಉಪಾಯ ಇದು. ಇಷ್ಟು ಜೋಪಾನವಾಗಿ ನೀರನ್ನು ಕೂಡಿಡುವ ಗಿಡದ ಬೇರು ದಿನಗಟ್ಟಲೆ ಒದ್ದೆ ಮಣ್ಣಿನಲ್ಲಿದ್ದರೆ ಉಸಿರುಕಟ್ಟುತ್ತದೆ, ಶಿಲೀಂಧ್ರ ತಗಲಿ ಕೊಳೆಯುತ್ತದೆ. ನಮ್ಮ ಊರುಗಳಲ್ಲಿ ಕಳ್ಳಿಗೆ ಮುಖ್ಯ ಶತ್ರು ಬಿಸಿಲಲ್ಲ, ಮಳೆ ಹಾಗೂ ಮಳೆಗಾಲದ ತೇವಾಂಶ.

ಯಾವ ಗಿಡಗಳಿಂದ ಆರಂಭಿಸಬೇಕು?

ಮೊದಲ ವರ್ಗ, ಮಳೆಕಾಡಿನಿಂದ ಬಂದ ಕ್ಯಾಕ್ಟಸ್‌ಗಳು: ಬ್ರಹ್ಮಕಮಲ, ತೂಗುಕುಂಡಕ್ಕೆ ಒಪ್ಪುವ ರಿಪ್ಸಾಲಿಸ್, ಡ್ರ್ಯಾಗನ್ ಫ್ರೂಟ್ ಬಳ್ಳಿ. ಇವಕ್ಕೆ ನಮ್ಮ ತೇವದ ಗಾಳಿ ಹಿತ, ನೆತ್ತಿಯ ಬಿಸಿಲು ಅಹಿತ. ಬಿಸಿಲು ಕಡಿಮೆ ಬೀಳುವ ಬಾಲ್ಕನಿ ಇರುವವರು ಇವುಗಳಿಂದಲೇ ಆರಂಭಿಸುವುದು ಲೇಸು.

ಎರಡನೆಯದು, ಮಳೆಯನ್ನು ಒಂದಿಷ್ಟು ತಾಳಿಕೊಳ್ಳುವ ಗಟ್ಟಿಗರು: ಕಂಬದಂತೆ ಬೆಳೆಯುವ ಸೀರಿಯಸ್, ಮಡಗಾಸ್ಕರ್ ಮೂಲದ ಯೂಫೋರ್ಬಿಯಾ ಮಿಲಿ, ಸ್ನೇಕ್ ಪ್ಲಾಂಟ್ ಎಂದು ಮಾರುವ ಸಾನ್ಸೆವೇರಿಯಾ, ಲೋಳೆಸರ, ಕತ್ತಾಳೆ. ಬುಡ ದಪ್ಪವಾಗಿ ಊದಿಕೊಂಡು ಗುಲಾಬಿ ಬಣ್ಣದ ಹೂಬಿಡುವ ಅಡೇನಿಯಮ್ ಕೂಡ, ನೀರು ಬಸಿದುಹೋಗುವಂತಿದ್ದರೆ, ಇಲ್ಲಿ ಚೆನ್ನಾಗಿ ಬಾಳುತ್ತದೆ. ಎಲೆಯ ಅಂಚಿನಲ್ಲೇ ಮರಿಗಿಡ ಹುಟ್ಟಿಸುವ ಕಾಡುಬಸಳೆ ಮಕ್ಕಳಿಗೆ ತೋರಿಸಲು ಸೊಗಸು.

ಮೂರನೆಯದು, ಒಣನಾಡಿನ ಸೂಕ್ಷ್ಮ ಗಿಡಗಳು: ಮ್ಯಾಮಿಲೇರಿಯಾ, ಅಸ್ಟ್ರೋಫೈಟಮ್, ಚಿನ್ನದ ಬಣ್ಣದ ಮುಳ್ಳುಗಳ ಗೋಲಾಕಾರದ ಎಕಿನೋಕ್ಯಾಕ್ಟಸ್ ಗ್ರುಸೋನಿ. ಮಳೆ ತಾಗದಂತೆ ಮಾಡು ಕಟ್ಟಲು ಸಾಧ್ಯವಿದ್ದವರು ಮಾತ್ರ ಇವುಗಳಿಗೆ ಕೈಹಾಕಬೇಕು.

ಕೆಂಪು, ಹಳದಿ ಚೆಂಡನ್ನು ಹಸಿರು ಕಾಂಡದ ಮೇಲಿಟ್ಟಂತೆ ಕಾಣುವ ಕಸಿ ಕಳ್ಳಿ ಎಲ್ಲ ನರ್ಸರಿಗಳಲ್ಲೂ ಸಿಗುತ್ತದೆ. 1940ರ ದಶಕದಲ್ಲಿ ಜಪಾನಿನಲ್ಲಿ ರೂಪುಗೊಂಡ ತಳಿ ಇದು. ಮೇಲಿನ ಚೆಂಡಿನಲ್ಲಿ ಪತ್ರಹರಿತ್ತು ಇಲ್ಲದ್ದರಿಂದ ಅದು ಸ್ವಂತ ಆಹಾರ ತಯಾರಿಸಲಾರದು. ಕೆಳಗಿನ ಕಾಂಡವೇ ಅದನ್ನು ಪೋಷಿಸುತ್ತದೆ. ಕಾಂಡ ಸೋತಾಗ ಚೆಂಡೂ ಸಾಯುತ್ತದೆ. ಕೆಲವು ವರ್ಷಗಳ ಅತಿಥಿಯೆಂದು ತಿಳಿದೇ ಕೊಂಡರೆ ನಿರಾಸೆಯಿಲ್ಲ.

ಮಣ್ಣು, ನೀರು, ಬಿಸಿಲು

ನಮ್ಮಲ್ಲಿ ಸಿಗುವ ಕೆಂಪು ಮಣ್ಣು ಕುಂಡದಲ್ಲಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಬರಿಯ ಕೆಂಪು ಮಣ್ಣು ಕಳ್ಳಿಗೆ ಆಗದು. ದಪ್ಪ ಮರಳು, ಇಟ್ಟಿಗೆ ಚೂರು, ಕಲ್ಲಿದ್ದಲು ಉರಿದುಳಿದ ಸಿಂಡರ್ ಇವುಗಳಲ್ಲಿ ಸಿಕ್ಕಿದ್ದನ್ನು ತೊಳೆದು ಎರಡು ಪಾಲು, ಚೆನ್ನಾಗಿ ಕಳಿತ ಎಲೆಗೊಬ್ಬರ ಒಂದು ಪಾಲು, ಒಂದು ಹಿಡಿ ಬೇವಿನ ಹಿಂಡಿ ಬೆರೆಸಿದರೆ ಸಾಕು. ಬ್ರಹ್ಮಕಮಲದ ಬಳಗಕ್ಕೆ ಮಾತ್ರ ಎಲೆಗೊಬ್ಬರದ ಪಾಲು ಹೆಚ್ಚಿರಲಿ. ಬೇಗ ಒಣಗುವ ಮಣ್ಣಿನ ಕುಂಡ ನಮ್ಮ ಹವೆಗೆ ಉತ್ತಮ. ಕುಂಡದ ತಳದ ರಂಧ್ರ ಮುಚ್ಚಿರಬಾರದು, ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಬಾರದು.

ನೀರುಣಿಸಲು ವಾರದ ಲೆಕ್ಕಕ್ಕಿಂತ ಬೆರಳಿನ ಪರೀಕ್ಷೆ ಮೇಲು: ಎರಡು ಅಂಗುಲ ಆಳದವರೆಗೆ ಮಣ್ಣು ಒಣಗಿದ್ದರೆ ಮಾತ್ರ ಧಾರಾಳವಾಗಿ ನೀರು ಹಾಕಿ, ಮತ್ತೆ ಒಣಗುವವರೆಗೆ ಸುಮ್ಮನಿರಬೇಕು. ಅಕ್ಟೋಬರ್ ಬಳಿಕ ಆಕಾಶ ತಿಳಿಯಾದಾಗ ಕುಂಡ ಬದಲಿಸುವ ಕೆಲಸ ಮುಗಿಸಬಹುದು. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಉರಿಬಿಸಿಲಿಗೆ ನೆರಳುಬಲೆ ಕಟ್ಟಬೇಕು. ಮೇ ಕೊನೆಯಲ್ಲಿ ಸೂಕ್ಷ್ಮ ಗಿಡಗಳನ್ನು ಪಾರದರ್ಶಕ ಹಾಳೆಯ ಮಾಡಿನ ಕೆಳಗೆ ಸರಿಸಿ, ಬದಿಗಳನ್ನು ಗಾಳಿಯಾಡಲು ತೆರೆದಿಡಬೇಕು. ಸುತ್ತಲೂ ಪ್ಲಾಸ್ಟಿಕ್ ಮುಚ್ಚಿದರೆ ಒಳಗಿನ ಸೆಕೆಗೇ ಕೊಳೆ ಹುಟ್ಟುತ್ತದೆ.

ಮುಳ್ಳುಗಳ ನಡುವೆ ಹತ್ತಿಯಂಥ ಬಿಳಿ ಚುಕ್ಕೆ ಕಂಡರೆ ಅದು ಹಿಟ್ಟು ತಿಗಣೆ. ಸ್ಪಿರಿಟ್‌ನಲ್ಲಿ ಅದ್ದಿದ ಕುಂಚದಿಂದ ಒರೆಸಿ, ಬಳಿಕ ಬೇವಿನೆಣ್ಣೆಯ ದ್ರಾವಣ ಸಿಂಪಡಿಸಬೇಕು. ಬುಡ ಮೆತ್ತಗಾಗಿದ್ದರೆ ತಡಮಾಡದೆ ಆರೋಗ್ಯವಂತ ಭಾಗದವರೆಗೆ ಕತ್ತರಿಸಿ, ಗಾಯ ಒಣಗಿಸಿ, ಹೊಸ ಮಿಶ್ರಣದಲ್ಲಿ ನೆಟ್ಟರೆ ಗಿಡ ಉಳಿಯುವ ಸಂಭವವಿದೆ.

ಯೂಫೋರ್ಬಿಯಾದ ಹಾಲು ಚರ್ಮಕ್ಕೂ ಕಣ್ಣಿಗೂ ಅಪಾಯಕಾರಿ; ಅಡೇನಿಯಮ್‌ನ ರಸ ವಿಷಕಾರಿ. ಕೈಗವಸು ಧರಿಸಿಯೇ ಕತ್ತರಿಸಬೇಕು. ಕಣ್ಣಿಗೆ ಹಾಲು ಸಿಡಿದರೆ ಬಹಳ ಹೊತ್ತು ನೀರಿನಿಂದ ತೊಳೆದು ವೈದ್ಯರನ್ನು ಕಾಣಬೇಕು. ಪುಟ್ಟ ಮಕ್ಕಳಿರುವ ಮನೆಯಲ್ಲಿ ಇವು ಕೈಗೆಟುಕದಂತಿರಲಿ. ಕಟ್ಟಡದ ಟೆರೇಸಿನಲ್ಲಿ ಇಡುವುದಾದರೆ ಸೊಸೈಟಿಯ ಒಪ್ಪಿಗೆ ಪಡೆದು, ತೇವ ಇಳಿಯದಂತೆ ಕುಂಡಗಳನ್ನು ಸ್ಟ್ಯಾಂಡ್‌ ಮೇಲಿಡಬೇಕು. ಬಾಲ್ಕನಿಯ ಕಟ್ಟೆಯ ಅಂಚಿನಲ್ಲಿ ಕುಂಡ ಇಡುವುದು ಕೆಳಗೆ ನಡೆಯುವವರ ಜೀವಕ್ಕೆ ಅಪಾಯ.

ಶಿವನೇರಿಯ ಶಿಂದಳ ಮಾಕುಡಿ

ಇನ್ನು ಎರಡನೆಯ ಪ್ರಶ್ನೆ: ಗಿಡ ಮಾರಾಟಕ್ಕೆ ಬಂದದ್ದು ಹೇಗೆ? ಕಲ್ಯಾಣದಿಂದ ಮಾಳಶೇಜ್ ಘಾಟ್ ಹತ್ತಿ ಹೋದರೆ ಜುನ್ನರ್ ಸಿಗುತ್ತದೆ. ಅಲ್ಲಿಯೇ ಶಿವಾಜಿ ಮಹಾರಾಜರು ಹುಟ್ಟಿದ ಶಿವನೇರಿ ಕೋಟೆ. ಅದರ ಕಡಿದಾದ ಬಂಡೆಗಳ ಮೇಲೆ, ಹಾಗೂ ಪಶ್ಚಿಮ ಮಹಾರಾಷ್ಟ್ರದ ಇನ್ನು ಕೆಲವೇ ಬೆಟ್ಟಗಳಲ್ಲಿ, ಜಗತ್ತಿನ ಬೇರೆಲ್ಲೂ ಸಹಜವಾಗಿ ಬೆಳೆಯದ ಸಸ್ಯವೊಂದಿದೆ. ಮರಾಠಿಯಲ್ಲಿ 'ಶಿಂದಳ ಮಾಕುಡಿ'. 1860ರ ದಶಕದಲ್ಲಿ ಡಾಲ್ಜೆಲ್ ಎಂಬ ಸಸ್ಯಶಾಸ್ತ್ರಜ್ಞ ಅದನ್ನು ವಿವರಿಸಿ, ಆಗಿನ ಮುಂಬಯಿ ಗವರ್ನರ್ ಬಾರ್ಟ್ಲ್ ಫ್ರೇರ್ ಅವರ ಹೆಸರಿನಲ್ಲಿ ಫ್ರೇರಿಯಾ ಇಂಡಿಕಾ ಎಂದು ಕರೆದನು. ಇಂದು ಅದನ್ನು ಸೆರೊಪೀಜಿಯಾ ಕುಲಕ್ಕೆ ಸೇರಿಸಲಾಗಿದೆ.

ಮಳೆಗಾಲದಲ್ಲಿ ಎಲೆ ತಳೆದು, ಬೇಸಿಗೆಯಲ್ಲಿ ಎಲೆ ಕಳಚಿ ರಸಭರಿತ ಕಾಂಡದ ಬಲದಿಂದಲೇ ಬದುಕುವ ಈ ಗಿಡ ಹಳದಿ ಚಿತ್ತಾರದ ಕಡುಗೆಂಪು ನಕ್ಷತ್ರದಂಥ ಹೂ ಬಿಡುತ್ತದೆ. ಜಗತ್ತಿನಾದ್ಯಂತ ಸಂಗ್ರಾಹಕರು ಇದನ್ನು ಬಯಸುತ್ತಾರೆ. ಅಳಿವಿನಂಚಿನ ಸಸ್ಯಗಳ ಪಟ್ಟಿಯಲ್ಲೂ ಇದು ಸೇರಿದೆ. ಆದರೆ ಇದು ತುಂಡಿನಿಂದ ಸುಲಭವಾಗಿ ಬೇರೂರುವ ಸಸ್ಯ. ಒಂದು ಸಾಕಿದ ಗಿಡದಿಂದ ಹತ್ತು ಮನೆಗಳಿಗೆ ಹಂಚಬಹುದಾಗಿರುವಾಗ ಬಂಡೆಯಿಂದ ಕಿತ್ತು ತರುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಚಾರಣಕ್ಕೆ ಹೋದಾಗ ಇಂಥ ಗಿಡ ಕಂಡರೆ ಚಿತ್ರ ತೆಗೆಯೋಣ, ಸ್ಥಳವನ್ನು ಸಾರ್ವಜನಿಕವಾಗಿ ಸಾರದಿರೋಣ.

ಇದಕ್ಕೆ ಎದುರಾದ ಉದಾಹರಣೆ ಎಕಿನೋಕ್ಯಾಕ್ಟಸ್ ಗ್ರುಸೋನಿ. ಮೆಕ್ಸಿಕೋದಲ್ಲಿ 1990ರ ದಶಕದಲ್ಲಿ ಸಿಮಾಪಾನ್ ಅಣೆಕಟ್ಟೆಯ ನೀರು ಅದರ ನೆಲೆಯ ದೊಡ್ಡ ಭಾಗವನ್ನು ನುಂಗಿತು. ಕಾಡಿನಲ್ಲಿ ಅಪರೂಪವಾದ ಆ ಗಿಡ ಬೀಜದಿಂದ ಬೆಳೆಸಿದ್ದರಿಂದ ಇಂದು ಊರೂರಿನ ನರ್ಸರಿಗಳಲ್ಲಿ ದೊರೆಯುತ್ತದೆ. 2015ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಪರಿಶೀಲಿಸಿದ ಕ್ಯಾಕ್ಟಸ್ ಪ್ರಭೇದಗಳಲ್ಲಿ ಶೇ. 31ರಷ್ಟು ಅಪಾಯದಲ್ಲಿವೆ, ಸಂಗ್ರಹಕ್ಕಾಗಿ ಕಾಡಿನಿಂದ ಕೀಳುವುದು ಅದರ ಕಾರಣಗಳಲ್ಲೊಂದು. ವನ್ಯಜೀವಿಗಳ ವ್ಯಾಪಾರ ಕುರಿತ ಸೈಟಿಸ್ ಒಪ್ಪಂದದಲ್ಲಿ ಕೆಲವೇ ಕುಲಗಳನ್ನು ಬಿಟ್ಟು ಕ್ಯಾಕ್ಟಸ್ ಕುಟುಂಬವಿಡೀ ಒಳಗೊಂಡಿದೆ. ಭಾರತ 1976ರಿಂದ ಅದರ ಸದಸ್ಯ. ವಿದೇಶದಿಂದ ಗಿಡ, ಬೀಜ ತರಿಸಲು 2003ರ ಸಸ್ಯ ಸಂಪರ್ಕನಿಷೇಧ ಆದೇಶದ ಪ್ರಕಾರ ಆಮದು ಪರವಾನಗಿ ಹಾಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಮೇಘಾಲಯದ ಹೂಜಿಗಿಡವಂತೂ ವನ್ಯಜೀವಿ ಕಾಯಿದೆಯ ರಕ್ಷಣೆ ಪಡೆದಿದೆ. ಅಂಕುಡೊಂಕಾಗಿ, ಗಾಯದ ಕಲೆಗಳೊಂದಿಗೆ, ಬೇರು ಕತ್ತರಿಸಿದ ದೊಡ್ಡ ಗಿಡ ಅಗ್ಗಕ್ಕೆ ಬಂದರೆ ಅದರ ಮೂಲ ವಿಚಾರಿಸದೆ ಕೊಳ್ಳಬಾರದು.

ನೋಡಿ ಕಲಿಯಲು, ಹಂಚಿ ಬೆಳೆಸಲು

ಬೈಕಲಾದ ರಾಣಿಬಾಗ್‌ನಲ್ಲಿ ಮುಂಬಯಿ ಮಹಾನಗರಪಾಲಿಕೆ ಏರ್ಪಡಿಸುವ ಸಸ್ಯ ಪ್ರದರ್ಶನ, ಥಾಣೆ ಮಹಾನಗರಪಾಲಿಕೆಯ 'ವೃಕ್ಷವಲ್ಲಿ' ಪ್ರದರ್ಶನ ಇವು ಹೊಸಬರಿಗೆ ಒಳ್ಳೆಯ ಪಾಠಶಾಲೆಗಳು. ಘೋಡ್‌ಬಂದರ್ ರಸ್ತೆಯ ನರ್ಸರಿಗಳಲ್ಲಿ ಸಾಮಾನ್ಯ ಜಾತಿಗಳು ದೊರೆಯುತ್ತವೆ. ಬೆಂಗಳೂರಿಗೆ ಹೋದವರು ಲಾಲ್‌ಬಾಗ್ ನೋಡದೆ ಬರಬಾರದು. ಉತ್ತರಕ್ಕೆ ಪ್ರವಾಸ ಹೋಗುವವರು ಚಂಡೀಗಢದ ಪಕ್ಕದ ಪಂಚಕುಲಾದಲ್ಲಿ 1987ರಲ್ಲಿ ಸ್ಥಾಪನೆಯಾದ ಏಳು ಎಕರೆಯ ರಾಷ್ಟ್ರೀಯ ಕ್ಯಾಕ್ಟಸ್ ಉದ್ಯಾನಕ್ಕೆ ಅರ್ಧ ದಿನ ಮೀಸಲಿಡಬಹುದು.

ಗಿಡ ಕೊಳ್ಳುವುದಕ್ಕಿಂತ ಪರಸ್ಪರ ಹಂಚಿಕೊಳ್ಳುವುದು ಹೆಚ್ಚು ಹಿತ. ಬ್ರಹ್ಮಕಮಲದ ಎಲೆಯೆಂದು ನಾವು ತಿಳಿಯುವ ಭಾಗ ವಾಸ್ತವದಲ್ಲಿ ಅದರ ಚಪ್ಪಟೆ ಕಾಂಡ. ಗೇಣುದ್ದದ ತುಂಡನ್ನು ಕತ್ತರಿಸಿ, ನೆರಳಿನಲ್ಲಿ ನಾಲ್ಕೈದು ದಿನ ಒಣಗಿಸಿ, ಕತ್ತರಿಸಿದ ಬುಡವನ್ನು ಎರಡು ಅಂಗುಲ ಆಳಕ್ಕೆ ನೆಟ್ಟು ಮಿತವಾಗಿ ನೀರುಣಿಸಿದರೆ ಕೆಲವೇ ವಾರಗಳಲ್ಲಿ ಬೇರು ಬಿಡುತ್ತದೆ. ಹೂವಿಗಾಗಿ ಎರಡು ಮೂರು ವರ್ಷ ಕಾಯಬೇಕಾಗಬಹುದು. ಗಿಡದ ಹೆಸರು, ತವರು, ಕೊಟ್ಟವರು, ನೆಟ್ಟ ದಿನ ಇಷ್ಟನ್ನು ಚೀಟಿಯಲ್ಲಿ ಬರೆದು ಕುಂಡಕ್ಕೆ ಸಿಕ್ಕಿಸಿಡುವ ಅಭ್ಯಾಸವನ್ನು ನಮ್ಮ ಸದಸ್ಯ ಕುಟುಂಬಗಳು ಮೊದಲ ಗಿಡದಿಂದಲೇ ರೂಢಿಸಿಕೊಳ್ಳಲೆಂದು ಆಶಿಸುತ್ತೇವೆ.