ಆಕರಗಳ ಮರುನಿರೂಪಣೆ ಮತ್ತು ಕೃತಿಸ್ವಾಮ್ಯ

ಅನ್ಯರು ರಚಿಸಿದ ಗ್ರಂಥ, ಲೇಖನ ಅಥವಾ ವರದಿಯಿಂದ ವಿಷಯವನ್ನು ಗ್ರಹಿಸಿ, ಅದರ ವಾಕ್ಯಗಳನ್ನಾಗಲಿ ವಿನ್ಯಾಸವನ್ನಾಗಲಿ ಎತ್ತಿಕೊಳ್ಳದೆ, ಸ್ವಂತ ಮಾತಿನಲ್ಲಿಯೂ ಸ್ವಂತ ಕ್ರಮದಲ್ಲಿಯೂ ಹೇಳುವ ಬರವಣಿಗೆಯ ವಿಧಾನಕ್ಕೆ ಮರುನಿರೂಪಣೆಯೆಂದು ಹೆಸರು. ವಿಶ್ವಕೋಶ, ಪಠ್ಯಪುಸ್ತಕ, ಸಂಶೋಧನ ಪ್ರಬಂಧ ಮೊದಲಾದವು ಪೂರ್ವಸೂರಿಗಳು ಸಂಪಾದಿಸಿದ ಜ್ಞಾನವನ್ನು ಆಶ್ರಯಿಸಿಯೇ ಹುಟ್ಟತಕ್ಕವಾದ ಕಾರಣ, ಈ ವಿಧಾನವನ್ನು ಅರಿಯದ ಲೇಖಕನು ಅರಿತೋ ಅರಿಯದೆಯೋ ಪರಸ್ವತ್ತಿಗೆ ಕೈಹಾಕುವ ಸಂಭವ ಹೆಚ್ಚು. ಕನ್ನಡದಲ್ಲಿ ಬರೆಯುವವರ ಆಕರಗಳು ಅನೇಕ ವಿಷಯಗಳಲ್ಲಿ ಇಂಗ್ಲಿಷಿನಲ್ಲಿರುವುದರಿಂದ ನಮ್ಮಲ್ಲಿ ಮತ್ತೊಂದು ತೊಡಕೂ ಉಂಟು: ಭಾಷೆ ಬದಲಾದೊಡನೆ ಬರೆಹವೂ ತನ್ನದಾಯಿತೆಂಬ ನಂಬಿಕೆ. ಈ ನಂಬಿಕೆಗೆ ಕಾನೂನಿನಲ್ಲಿ ಯಾವ ಆಧಾರವೂ ಇಲ್ಲ.

ಭಾರತದಲ್ಲಿ ಈ ವಿಷಯವನ್ನು ನಿಯಂತ್ರಿಸುವುದು 1957ರ ಕೃತಿಸ್ವಾಮ್ಯ ಅಧಿನಿಯಮ. 1958ರ ಜನವರಿ 21ರಂದು ಅದು ಜಾರಿಗೆ ಬರುವುದಕ್ಕೆ ಮುನ್ನ, ಬ್ರಿಟನ್ನಿನ 1911ರ ಶಾಸನವನ್ನು ಅನುಸರಿಸಿದ 1914ರ ಅಧಿನಿಯಮ ಬಳಕೆಯಲ್ಲಿತ್ತು. ಅಧಿನಿಯಮದ 14ನೆಯ ಪ್ರಕರಣವು ಕೃತಿಯನ್ನು ಪ್ರತಿಮಾಡುವ ಹಕ್ಕಿನೊಡನೆ ಅದನ್ನು ಭಾಷಾಂತರಿಸುವ ಮತ್ತು ರೂಪಾಂತರಿಸುವ ಹಕ್ಕನ್ನೂ ಕರ್ತೃವಿಗೇ ಮೀಸಲಿಟ್ಟಿದೆ. ಆದಕಾರಣ ಇಂಗ್ಲಿಷಿನ ಅಧ್ಯಾಯವೊಂದನ್ನು ವಾಕ್ಯಕ್ಕೆ ವಾಕ್ಯವೆಂಬಂತೆ ಕನ್ನಡಕ್ಕೆ ತಂದವನು ಅನುವಾದಕನೇ ಹೊರತು ಮರುನಿರೂಪಕನಲ್ಲ. ಅವನಿಗೆ ಅನುಮತಿ ಬೇಕು.

ಹಾಗಾದರೆ ಯಾವುದು ಎಲ್ಲರ ಸ್ವತ್ತು, ಯಾವುದು ಕರ್ತೃವಿನದು? ಇದಕ್ಕೆ ಸರ್ವೋಚ್ಚ ನ್ಯಾಯಾಲಯವು 1978ರಲ್ಲಿ, ಆರ್. ಜಿ. ಆನಂದ್ ಮತ್ತು ಡಿಲಕ್ಸ್ ಫಿಲಂಸ್ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪು ಇಂದಿಗೂ ಪ್ರಮಾಣವಾಗಿದೆ. ‘ಹಮ್ ಹಿಂದೂಸ್ತಾನಿ’ ಎಂಬ ತನ್ನ ನಾಟಕವನ್ನು ಕದ್ದು 1956ರ ‘ನ್ಯೂ ಡೆಲ್ಲಿ’ ಚಲನಚಿತ್ರವನ್ನು ತಯಾರಿಸಿದ್ದಾರೆಂದು ನಾಟಕಕಾರನ ಆಪಾದನೆ. ಎರಡರಲ್ಲಿಯೂ ಪ್ರಾಂತೀಯ ದುರಭಿಮಾನವೇ ವಸ್ತುವಾಗಿದ್ದರೂ, ಕಲ್ಪನೆ, ವಸ್ತು, ಕಥಾಸಂವಿಧಾನ, ಐತಿಹಾಸಿಕ ಸಂಗತಿ ಇವುಗಳ ಮೇಲೆ ಯಾರಿಗೂ ಸ್ವಾಮ್ಯವಿಲ್ಲವೆಂದೂ, ಅವುಗಳನ್ನು ಕರ್ತೃವು ಅಭಿವ್ಯಕ್ತಗೊಳಿಸಿದ ರೂಪ, ರೀತಿ ಮತ್ತು ಜೋಡಣೆಗಳಿಗೆ ಮಾತ್ರ ರಕ್ಷಣೆಯೆಂದೂ ನ್ಯಾಯಾಲಯ ನಿರ್ಣಯಿಸಿ, ನಾಟಕಕಾರನ ಮೇಲ್ಮನವಿಯನ್ನು ತಳ್ಳಿಹಾಕಿತು. ಎರಡು ಕೃತಿಗಳನ್ನೂ ಓದಿದವನಿಗೆ ಅಥವಾ ನೋಡಿದವನಿಗೆ ಎರಡನೆಯದು ಮೊದಲನೆಯದರ ಪ್ರತಿಯೆಂದು ನಿಸ್ಸಂದೇಹವಾಗಿ ತೋರುತ್ತದೆಯೇ ಎಂಬುದೇ ಅಲ್ಲಿ ಹೇಳಿದ ಒರೆಗಲ್ಲು. ಇಲ್ಲಿ ‘ಜೋಡಣೆ’ಯೆಂಬುದನ್ನು ಲಘುವಾಗಿ ಎಣಿಸಬಾರದು: ಪದಗಳೆಲ್ಲ ಬೇರೆಯಾಗಿದ್ದರೂ ಸಂಗತಿಗಳ ಆಯ್ಕೆ, ಅವು ಬರುವ ಕ್ರಮ, ಒಂದರಿಂದ ಇನ್ನೊಂದಕ್ಕೆ ಸಾಗುವ ಹದ ಇವೆಲ್ಲ ಮೂಲದವೇ ಆಗಿದ್ದರೆ ಆರೋಪಕ್ಕೆ ಆಸ್ಪದವುಂಟು.

ಈ ವಿವೇಕ ನಮ್ಮ ಕಾವ್ಯಮೀಮಾಂಸೆಗೆ ಹೊಸದಲ್ಲ. ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನನು ‘ಧ್ವನ್ಯಾಲೋಕ’ದ ನಾಲ್ಕನೆಯ ಉದ್ಯೋತದಲ್ಲಿ, ಕವಿಗಳ ಉಕ್ತಿಗಳಲ್ಲಿ ಕಾಣುವ ಸಾದೃಶ್ಯವನ್ನು ಮೂರು ಬಗೆಯಾಗಿ ವಿಂಗಡಿಸುತ್ತಾನೆ: ಪ್ರತಿಬಿಂಬದಂತಹುದು, ಚಿತ್ರದಂತಹುದು, ಒಬ್ಬರನ್ನೊಬ್ಬರು ಹೋಲುವ ಇಬ್ಬರು ದೇಹಧಾರಿಗಳಂತಹುದು. ಮೊದಲೆರಡು ತ್ಯಾಜ್ಯ, ಮೂರನೆಯದಕ್ಕೆ ಸ್ವಂತ ಜೀವವಿರುವುದರಿಂದ ಅದು ಗ್ರಾಹ್ಯ. ಕಾವ್ಯಕ್ಕಾಗಿ ಹೇಳಿದ ಈ ವಿಭಾಗವು ಶಾಸ್ತ್ರೀಯ ಗದ್ಯಕ್ಕೂ ಎಷ್ಟು ಚೆನ್ನಾಗಿ ಒಪ್ಪುತ್ತದೆಂಬುದನ್ನು ಒಂದು ನಿದರ್ಶನದಿಂದ ಕಾಣಬಹುದು.

ಒಬ್ಬ ಲೇಖಕನು ಹೀಗೆ ಬರೆದನೆಂದು ಊಹಿಸೋಣ: “ವಿಜಯಪುರದ ಗೋಳಗುಮ್ಮಟವು ಮಹಮ್ಮದ್ ಆದಿಲ್‌ಶಾಹನ ಸಮಾಧಿ, ನಾಲ್ಕು ಮೂಲೆಗಳಲ್ಲಿ ಏಳು ಅಂತಸ್ತಿನ ಗೋಪುರಗಳನ್ನು ಧರಿಸಿ ನಿಂತ ಬೃಹತ್ ಚೌಕದ ಮೇಲೆ, ಒಂದು ಕಂಬದ ಆಸರೆಯೂ ಇಲ್ಲದೆ, ಆಕಾಶವನ್ನೇ ಬೋಗುಣಿಯಂತೆ ಮಗುಚಿದ ಹಾಗೆ ಗುಮ್ಮಟ ಕವಿದಿದೆ.” ಇದನ್ನು ಓದಿದ ಇನ್ನೊಬ್ಬನು, “ಮಹಮ್ಮದ್ ಆದಿಲ್‌ಶಾಹನ ಗೋರಿಯೇ ವಿಜಯಪುರದ ಗೋಳಗುಮ್ಮಟ; ನಾಲ್ಕು ಕೋನಗಳಲ್ಲಿ ಏಳು ಮಹಡಿಯ ಸ್ತಂಭಗಳನ್ನು ಹೊತ್ತು ನಿಂತ ಭಾರಿ ಚೌಕದ ಮೇಲೆ, ಒಂದು ಕಂಬದ ಆಧಾರವೂ ಇಲ್ಲದೆ, ಬಾನನ್ನೇ ಬಟ್ಟಲಿನಂತೆ ಬೋರಲಿಟ್ಟ ಹಾಗೆ ಗುಮ್ಮಟ ಮುಚ್ಚಿಕೊಂಡಿದೆ” ಎಂದರೆ ಅದು ಪ್ರತಿಬಿಂಬ. ವಾಕ್ಯದ ಎಲುಬುಗೂಡು ಹಾಗೆಯೇ ಇದೆ. ಮೊದಲ ಲೇಖಕನ ಕಲ್ಪನೆಯಾದ ಉಪಮೆ, ಪಾತ್ರೆಯನ್ನಷ್ಟೇ ಬದಲಿಸಿಕೊಂಡು ಉಳಿದಿದೆ. ಗೋಪುರವನ್ನು ಸ್ತಂಭವೆಂದದ್ದರಿಂದ, ಕಂಬವಿಲ್ಲವೆಂಬ ಮುಂದಿನ ಮಾತಿನ ಪಕ್ಕದಲ್ಲಿ ಅರ್ಥವೂ ಕೆಟ್ಟಿತು. ಪರ್ಯಾಯಪದಗಳನ್ನು ಕೂರಿಸುವ ಈ ಅಭ್ಯಾಸ, ಕಾನೂನಿನ ಮಾತಿರಲಿ, ಸತ್ಯಕ್ಕೇ ಅಪಾಯಕಾರಿಯಾದುದು.

ಇನ್ನು ಮೂರನೆಯವನೊಬ್ಬನು ವಾಸ್ತುಶಿಲ್ಪದ ಬೇರೆ ಒಂದೆರಡು ಗ್ರಂಥಗಳನ್ನೂ ನೋಡಿ ಹೀಗೆ ಬರೆಯಬಹುದು: “1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್‌ಶಾಹನ ಸಮಾಧಿಯಾದ ಗೋಳಗುಮ್ಮಟದಲ್ಲಿ, ಹೊರವ್ಯಾಸ ಸುಮಾರು 44 ಮೀಟರಿನಷ್ಟಿರುವ ಗುಮ್ಮಟದ ಭಾರವನ್ನು ಒಂದನ್ನೊಂದು ಛೇದಿಸುವ ಕಮಾನುಗಳು ಗೋಡೆಗಳಿಗೆ ಸಾಗಿಸುತ್ತವೆ, ಒಳಗೆ ಕಂಬಗಳು ಬೇಕಾಗದಿರುವುದು ಇದರಿಂದ.” ಇಲ್ಲಿ ಸಂಗತಿಗಳು ಸರ್ವಸಾಮಾನ್ಯವಾದರೂ ಆಯ್ಕೆ, ಕ್ರಮ, ಕಾರಣನಿರೂಪಣೆ ಇವು ಬರೆದವನವೇ, ಇದು ಸಜೀವವಾದ ಬರೆಹ.

ಇಂತಹ ಬರೆಹಕ್ಕೆ ಅಭ್ಯಾಸವೇ ದಾರಿ. ಒಂದೇ ಆಕರವನ್ನು ನೆಚ್ಚಿದವನ ವಾಕ್ಯವು ಆ ಆಕರದತ್ತಲೇ ವಾಲುವುದರಿಂದ ಎರಡು ಮೂರನ್ನಾದರೂ ಓದಬೇಕು. ಟಿಪ್ಪಣಿಯಲ್ಲಿ ವಾಕ್ಯಗಳನ್ನು ಬಿಟ್ಟು ಹೆಸರು, ಇಸವಿ, ಅಳತೆ, ಕಾರಣಗಳನ್ನಷ್ಟೇ ಗುರುತುಹಾಕಿಕೊಳ್ಳಬೇಕು. ಪುಸ್ತಕವನ್ನು ಮುಚ್ಚಿಟ್ಟು, ತನ್ನ ಓದುಗನಿಗೆ ಮೊದಲು ತಿಳಿಯಬೇಕಾದುದು ಯಾವುದೆಂದು ಯೋಚಿಸಿ, ಅಲ್ಲಿಂದ ತೊಡಗಬೇಕು. ಕರಡು ಮುಗಿದ ಮೇಲೆ ಮೂಲದೊಡನೆ ತಾಳೆನೋಡಬೇಕು. ತಾಳೆನೋಡದೆ ಬಿಟ್ಟರೆ, ಜ್ಞಾಪಕಶಕ್ತಿ ಚೆನ್ನಾಗಿರುವವರಲ್ಲಿ ಮೂಲದ ವಾಕ್ಯವು ಅವರಿಗೇ ತಿಳಿಯದಂತೆ ನುಸುಳುವುದುಂಟು. ಅಂಕಿತನಾಮ, ಪಾರಿಭಾಷಿಕ ಶಬ್ದ, ಇಸವಿಗಳನ್ನು ಭಿನ್ನವಾಗಿ ಕಾಣಿಸುವುದಕ್ಕಾಗಿ ತಿರುಚಬೇಕಾಗಿಲ್ಲ. ಮೂಲದ ಮಾತೇ ಮುಖ್ಯವೆನಿಸಿದಲ್ಲಿ ಅದನ್ನು ಉದ್ಧರಣಚಿಹ್ನೆಗಳೊಳಗೆ, ಕರ್ತೃವಿನ ಹೆಸರಿನೊಡನೆ, ಮಿತವಾಗಿ ಕೊಡುವುದು ಪ್ರಾಮಾಣಿಕ ಮಾರ್ಗ. ವಿಮರ್ಶೆ, ಸಮೀಕ್ಷೆ ಮುಂತಾದ ಉದ್ದೇಶಗಳಿಗೆ ನ್ಯಾಯೋಚಿತ ಬಳಕೆಯನ್ನು ಅಧಿನಿಯಮದ 52ನೆಯ ಪ್ರಕರಣವು ಅನುಮತಿಸಿದೆ.

ಆಕರವನ್ನು ಹೆಸರಿಸುವುದಕ್ಕೂ ಅನುಮತಿ ಪಡೆಯುವುದಕ್ಕೂ ಇರುವ ಅಂತರವನ್ನು ಹಲವರು ಮರೆಯುತ್ತಾರೆ. ಹೆಸರಿಸದಿದ್ದರೆ ಕೃತಿಚೌರ್ಯದ ಕಳಂಕ. ಹೆಸರಿಸಿದ ಮಾತ್ರಕ್ಕೆ ಪುಟಗಟ್ಟಲೆ ಎತ್ತಿಕೊಂಡ ದೋಷ ಪರಿಹಾರವಾಗದು. ಬುದ್ಧಿಪೂರ್ವಕವಾದ ಉಲ್ಲಂಘನೆಗೆ 63ನೆಯ ಪ್ರಕರಣವು 6 ತಿಂಗಳಿಂದ 3 ವರ್ಷಗಳವರೆಗಿನ ಸೆರೆವಾಸವನ್ನೂ ದಂಡವನ್ನೂ ವಿಧಿಸುತ್ತದೆ.

ಕರ್ತೃವಿನ ಜೀವಿತಕಾಲದಲ್ಲಿ ಪ್ರಕಟವಾದ ಸಾಹಿತ್ಯಕೃತಿಯ ಸ್ವಾಮ್ಯವು, ಅವನು ಮಡಿದ ವರ್ಷದ ಮರುವರ್ಷಾರಂಭದಿಂದ 60 ವರ್ಷ ಇರುತ್ತದೆ. 1946ರಲ್ಲಿ ನಿಧನರಾದ ಬಿ. ಎಂ. ಶ್ರೀಕಂಠಯ್ಯನವರ ಅಂತಹ ಕೃತಿಗಳು 2007ರ ಆರಂಭದಿಂದ ಸಾರ್ವಜನಿಕವಾಗಿವೆ. 1997ರಲ್ಲಿ ನಿಧನರಾದ ಶಿವರಾಮ ಕಾರಂತರು ಮಕ್ಕಳಿಗಾಗಿ ಮೂರು ಸಂಪುಟಗಳಲ್ಲಿ ರಚಿಸಿದ ‘ಬಾಲಪ್ರಪಂಚ’ದ ಸ್ವಾಮ್ಯವು 2057ರ ಅಂತ್ಯದವರೆಗೆ ಮುಂದುವರಿಯುತ್ತದೆ. ಅದರಲ್ಲಿನ ಸಂಗತಿಗಳನ್ನು ಯಾರು ಬೇಕಾದರೂ ಬಳಸಬಹುದು, ವಾಕ್ಯಗಳನ್ನಲ್ಲ. ಸ್ವಾಮ್ಯವಿದ್ದೂ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆಯಾದ ಬರೆಹಗಳನ್ನು ಆ ಪರವಾನಗಿಯ ಮಿತಿಯೊಳಗೆ ಯಥಾವತ್ತಾಗಿ ಬಳಸಿಕೊಳ್ಳಲು ಅಡ್ಡಿಯಿಲ್ಲವಾದರೂ, ಮೂಲಕರ್ತೃವನ್ನು ಹೆಸರಿಸುವುದು, ಕೆಲವು ಪರವಾನಗಿಗಳಲ್ಲಿ ಹೊಸ ಬರೆಹವನ್ನೂ ಅದೇ ಷರತ್ತಿಗೆ ಒಳಪಡಿಸುವುದು, ಬಳಸಿದವನ ಕರ್ತವ್ಯವಾಗಿರುತ್ತದೆ.