ಹೊಳೆ ದಾಟಿದ ಕೂಲಿ, ಬೆನ್ನು ಹತ್ತಿದ ಕಾಯಿದೆ

ಕೊಡಗಿನ ಗುಡ್ಡಗಳಿಂದ ಬಯಲಿಗೆ ಇಳಿದ ಕಾವೇರಿಯ ದಡದಲ್ಲಿ ಸಿಗುವ ಮೊದಲ ಕ್ಷೇತ್ರಗಳ ಪೈಕಿ ಅರಕಲಗೂಡು ತಾಲ್ಲೂಕಿನ ರಾಮನಾಥಪುರವೂ ಒಂದು. ರಾಮೇಶ್ವರನ ಗುಡಿ, ವಹ್ನಿಪುಷ್ಕರಿಣಿಯ ಮೀನುಗಳು, ಮಾರ್ಗಶಿರದ ಷಷ್ಠಿಯ ದಿನ ಎಳೆಯುವ ಸುಬ್ರಹ್ಮಣ್ಯನ ತೇರು, ಅದರ ಬೆನ್ನಿಗೇ ಸೇರುವ ದನಗಳ ಜಾತ್ರೆ. ಊರಿನ ಹೆಸರು ಹೇಳಿದರೆ ಹೊರಗಿನವರಿಗೆ ನೆನಪಾಗುವುದು ಇಷ್ಟು. ಸುತ್ತಲಿನ ಹಳ್ಳಿಗಳ ಕೂಲಿಕಾರರಿಗೆ ಈ ಜಾತ್ರೆ ಇನ್ನೊಂದು ಗುರುತೂ ಹೌದು. ತೇರು ಎಳೆಯುವ ಹೊತ್ತಿಗೆ ಇಲ್ಲಿ ರಾಗಿ ಕಟಾವು ಮುಗಿಯುತ್ತ ಬಂದಿರುತ್ತದೆ. ಅದೇ ಹೊತ್ತಿಗೆ ಹೊಳೆಯ ಮೇಲ್ಭಾಗದಲ್ಲಿ, ಕೊಡಗಿನ ತೋಟಗಳಲ್ಲಿ, ಕಾಫಿ ಹಣ್ಣಾಗಿರುತ್ತದೆ. ಕೆಳಗೆ ಕೆಲಸ ಮುಗಿಯುವುದಕ್ಕೂ ಮೇಲೆ ಕೆಲಸ ಶುರುವಾಗುವುದಕ್ಕೂ ಸರಿಹೋಗುತ್ತದೆ. ಹೊಳೆ ಇಳಿದು ಬಂದ ದಾರಿಯಲ್ಲೇ ಜನ ಹತ್ತಿ ಹೋಗುತ್ತಾರೆ.

ಇಂದು ಇದು ಒಂದು ಜಿಲ್ಲೆಯಿಂದ ಪಕ್ಕದ ಜಿಲ್ಲೆಗೆ ಹೋಗಿ ಬರುವ ಸಾಧಾರಣ ಸಂಗತಿ. ಆದರೆ 1956ರ ನವೆಂಬರ್ 1ರವರೆಗೆ ಕೊಡಗು ಬೇರೆಯದೇ ರಾಜ್ಯ. ಅದಕ್ಕೂ ಹಿಂದೆ, ಬ್ರಿಟಿಷರ ಕಾಲದಲ್ಲಿ, ಅರಕಲಗೂಡಿನ ಕೂಲಿಯಾಳು ಕುಶಾಲನಗರದ ಆಚೆಗೆ ಕಾಲಿಟ್ಟನೆಂದರೆ ಒಂದು ಸರ್ಕಾರದ ನೆಲ ಬಿಟ್ಟು ಇನ್ನೊಂದು ಸರ್ಕಾರದ ನೆಲಕ್ಕೆ ಬಂದಂತೆ. ಅಮೆರಿಕದ ದಕ್ಷಿಣ ಗಡಿಯಲ್ಲಿ ಮೆಕ್ಸಿಕೋದ ಕೂಲಿಕಾರರನ್ನು ಕುರಿತು ಆಗಾಗ ಏಳುವ ಗದ್ದಲವನ್ನು ಪತ್ರಿಕೆಗಳಲ್ಲಿ ಓದುವ ನಮಗೆ, ಅಂಥದೇ ಒಂದು ಗಡಿ ನಮ್ಮ ಮನೆಯ ಹಿತ್ತಿಲಲ್ಲೇ ಇತ್ತು ಎಂಬುದು ಮರೆತುಹೋಗಿದೆ.

ಎರಡು ಸರ್ಕಾರ, ಒಂದು ಹೊಳೆ

ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಇಂಗ್ಲಿಷರು ಕೊಡಗನ್ನು ವಶಪಡಿಸಿಕೊಂಡದ್ದು 1834ರಲ್ಲಿ. ಮೈಸೂರಿನ ಆಡಳಿತವೂ ಅದಕ್ಕೆ ಮೂರು ವರ್ಷ ಮೊದಲೇ, 1831ರಲ್ಲಿ, ಬ್ರಿಟಿಷ್ ಕಮಿಷನರರ ಕೈಗೆ ಹೋಗಿತ್ತು. ಹಾಗಾಗಿ ಅರ್ಧ ಶತಮಾನ ಕಾಲ ಎರಡೂ ಕಡೆ ನಡೆಯುತ್ತಿದ್ದುದು ಒಬ್ಬನೇ ಮೇಲಧಿಕಾರಿಯ ಅಪ್ಪಣೆ. ಈ ಅವಧಿಯಲ್ಲಿಯೇ ಕಾಫಿ ಬೆಳೆಯಿತು. ಮಂಜರಾಬಾದಿನಲ್ಲಿ, ಅಂದರೆ ಇಂದಿನ ಸಕಲೇಶಪುರದ ಸೀಮೆಯಲ್ಲಿ, 1840ರ ದಶಕದಲ್ಲಿ ಯುರೋಪಿಯನ್ನರ ತೋಟಗಳೆದ್ದವು. ಮಡಿಕೇರಿಯ ಬಳಿ ಫೌಲರ್ ಎಂಬ ದೊರೆ 1854ರಲ್ಲಿ ಕೊಡಗಿನ ಮೊದಲ ಯುರೋಪಿಯನ್ ತೋಟ ತೆರೆದ.

ಕಾಡು ಕಡಿಯಲು, ಗುಂಡಿ ತೋಡಲು, ಹಣ್ಣು ಕೊಯ್ಯಲು ಆಳು ಬೇಕು. ಸ್ಥಳೀಯರಾದ ಯರವರು, ಕುರುಬರು ಸಾಲಲಿಲ್ಲ. ಕಣ್ಣು ಬಿದ್ದದ್ದು ಬಯಲಿನ ಮೇಲೆ. ಅರಕಲಗೂಡು, ಪಿರಿಯಾಪಟ್ಟಣ, ಹುಣಸೂರಿನ ಒಣಭೂಮಿಯ ಹಳ್ಳಿಗಳಲ್ಲಿ ಸುಗ್ಗಿಯಿಂದ ಮುಂಗಾರಿನವರೆಗೆ ಹೊಲದಲ್ಲಿ ಕೆಲಸವಿಲ್ಲ, ಕೈಯಲ್ಲಿ ಕಾಸಿಲ್ಲ, ಕಂದಾಯದ ಕಂತು ಮಾತ್ರ ತಪ್ಪುವುದಿಲ್ಲ. ತೋಟದ ಮೇಸ್ತ್ರಿ ಹಳ್ಳಿಗೆ ಬಂದು ಮುಂಗಡ ಎಣಿಸಿದರೆ ಬೇಡವೆನ್ನುವವರು ಯಾರು? ಆ ದುಡ್ಡು ಒಂದು ಮದುವೆಗೋ ಎತ್ತಿಗೋ ಸಾಹುಕಾರನ ಬಡ್ಡಿಗೋ ಹೋಗುತ್ತಿತ್ತು. ಆಮೇಲೆ ಗಂಡ ಹೆಂಡತಿ ಮಕ್ಕಳು ಗಂಟುಮೂಟೆ ಕಟ್ಟಿ ಮೇಸ್ತ್ರಿಯ ಹಿಂದೆ ನಡೆಯುವರು. ಮೇಸ್ತ್ರಿಗೆ ತಲೆಗಿಷ್ಟು ಎಂದು ಕಮಿಷನ್.

1876–78ರ ಕ್ಷಾಮದ ನಂತರವಂತೂ ಹೇಳುವುದೇ ಬೇಡ. ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿಯಂತೆ ಐವತ್ತು ಲಕ್ಷಕ್ಕೂ ಮೀರಿದ ಜನರಿದ್ದರು. 1881ರಲ್ಲಿ ಲೆಕ್ಕ ಹಾಕಿದಾಗ ಉಳಿದವರು ಸುಮಾರು 42 ಲಕ್ಷ. ಅಂಥ ಕಾಲದಲ್ಲಿ ಮುಂಗಡವೆಂಬುದು ಕೇವಲ ಸಾಲವಾಗಿರಲಿಲ್ಲ.

ಅದೇ 1881ರಲ್ಲಿ ಮೈಸೂರು ಮರಳಿ ಒಡೆಯರ ಕೈಸೇರಿತು. ಕೊಡಗು ಬ್ರಿಟಿಷರ ಬಳಿಯೇ ಉಳಿಯಿತು. ಬೆಂಗಳೂರಿನ ರೆಸಿಡೆಂಟರೇ ಕೊಡಗಿನ ಚೀಫ್ ಕಮಿಷನರರೂ ಆಗಿದ್ದರು, ನಿಜ. ಆದರೆ ಕಾನೂನಿನ ಕಣ್ಣಿನಲ್ಲಿ ಅಂದಿನಿಂದ ಕುಶಾಲನಗರದ ಹೊಳೆಯ ಆ ದಡ ಬ್ರಿಟಿಷ್ ಇಂಡಿಯಾ, ಈ ದಡದ ಕೊಪ್ಪ ದೇಶೀಯ ಸಂಸ್ಥಾನ. ಮಡಿಕೇರಿಯ ಮ್ಯಾಜಿಸ್ಟ್ರೇಟರು ಹೊರಡಿಸಿದ ವಾರಂಟು ಅರಕಲಗೂಡಿನ ಹಳ್ಳಿಗೆ ಬರಬೇಕಾದರೆ ಇನ್ನೊಂದು ಸರ್ಕಾರದ ಪೊಲೀಸರ ಮೂಲಕವೇ ಬರಬೇಕು.

ವಾರಂಟು ಏಕೆ?

ಕೂಲಿಯಾಳಿಗೂ ವಾರಂಟಿಗೂ ಏನು ಸಂಬಂಧ ಎಂದು ಇಂದಿನ ಓದುಗರು ಕೇಳಬಹುದು. ಉತ್ತರ ಇರುವುದು 1859ರ 13ನೆಯ ಕಾಯಿದೆಯಲ್ಲಿ. ಕೆಲಸಗಾರರ ಕರಾರುಭಂಗದ ಕಾಯಿದೆ ಎಂದು ಅದರ ಹೆಸರು. ಕಲ್ಕತ್ತೆಯ ವ್ಯಾಪಾರಿಗಳ ಅರ್ಜಿಯ ಮೇಲೆ ಹುಟ್ಟಿದ ಕಾಯಿದೆ ಅದು. ಮುಂಗಡ ಪಡೆದು ಕೆಲಸಕ್ಕೆ ಬಾರದ ಬಡಗಿ, ಕಮ್ಮಾರರಿಂದ ನಷ್ಟವಾಗುತ್ತಿದೆ ಎಂಬುದು ಅವರ ದೂರು. ಮೊದಲು ಕಲ್ಕತ್ತ, ಮದರಾಸು, ಮುಂಬಯಿ ನಗರಗಳಿಗೆಂದು ಮಾಡಿದ್ದನ್ನು ಬೇರೆ ಪ್ರದೇಶಗಳಿಗೂ ವಿಸ್ತರಿಸಬಹುದೆಂಬ ಒಂದು ಸಾಲು ಅದರಲ್ಲಿತ್ತು. ಅಸ್ಸಾಮಿನ ಚಹಾ ತೋಟಗಳಿಗೆ, ಕೊಡಗಿನ ಕಾಫಿ ತೋಟಗಳಿಗೆ ಅದು ಹಬ್ಬಿದ್ದು ಆ ಒಂದು ಸಾಲಿನ ಬಲದಿಂದ.

ಅದು ನಡೆಯುತ್ತಿದ್ದ ರೀತಿ ಹೀಗೆ. ಮುಂಗಡ ಪಡೆದವನು ಕೆಲಸಕ್ಕೆ ಬಾರದಿದ್ದರೆ ಅಥವಾ ನಡುವೆ ಬಿಟ್ಟುಹೋದರೆ ಮಾಲಿಕ ಮ್ಯಾಜಿಸ್ಟ್ರೇಟರಿಗೆ ದೂರು ಕೊಡಬಹುದು. ದುಡ್ಡು ವಾಪಸು ಬೇಕೋ ಕೆಲಸ ಬೇಕೋ ಎಂಬ ಆಯ್ಕೆ ಮಾಲಿಕನದು. ಮ್ಯಾಜಿಸ್ಟ್ರೇಟರ ಆಜ್ಞೆಯಂತೆ ನಡೆಯದಿದ್ದರೆ ಕೂಲಿಯಾಳಿಗೆ ಮೂರು ತಿಂಗಳವರೆಗೆ ಕಠಿಣ ಸಜೆ. ಎಲ್ಲ ಕರಾರಿಗೂ ಎರಡು ಕಡೆ ಇರುತ್ತವೆ. ಮಾಲಿಕ ಕೂಲಿ ಕೊಡದಿದ್ದರೆ? ಹೇಳಿದ್ದಕ್ಕಿಂತ ಹೆಚ್ಚು ದುಡಿಸಿಕೊಂಡರೆ? ಅವನಿಗೆ ಜೈಲು ತೋರಿಸುವ ಕಲಮು ಈ ಕಾಯಿದೆಯಲ್ಲಿ ಇರಲಿಲ್ಲ.

ಸಾಲ ತೀರಿಸದವನ ಮೇಲೆ ಸಿವಿಲ್ ದಾವೆ ಹೂಡುವುದು ಲೋಕರೂಢಿ. ಕೂಲಿಯಾಳಿನ ಸಾಲ ಮಾತ್ರ ಫೌಜದಾರಿ ಅಪರಾಧವಾಯಿತು. ಸ್ವತಃ ಇಂಗ್ಲೆಂಡಿನಲ್ಲಿ ಕೆಲಸ ಬಿಟ್ಟವನನ್ನು ಜೈಲಿಗೆ ಕಳಿಸುವ ಪದ್ಧತಿಯನ್ನು 1875ರಲ್ಲಿಯೇ ಕೈಬಿಟ್ಟಿದ್ದರು. ಕೊಡಗಿನಲ್ಲಿ ಅದು ಇನ್ನೂ ಐವತ್ತು ವರ್ಷ ನಡೆಯಿತು.

ಏನೇ ಇರಲಿ, ಕೂಲಿಕಾರರು ಸುಮ್ಮನೆ ಕೂತವರಲ್ಲ. ಅವರಿಗೆ ಇದ್ದ ಆಯುಧ ಕಾಲುಗಳು. ಯುಗಾದಿ ಕಳೆದು ಬಿಸಿಲು ಏರಿ ಮೊದಲ ಮಳೆ ಬೀಳುವ ದಿನಗಳಲ್ಲಿ ಮಲೆನಾಡಿನಲ್ಲಿ ಚಳಿಜ್ವರ ಕಾಣಿಸಿಕೊಳ್ಳುತ್ತಿತ್ತು. ಅದೇ ಹೊತ್ತಿಗೆ ಊರಿನ ಹೊಲ ಉಳುಮೆಗೆ ಕರೆಯುತ್ತಿತ್ತು. ಬಾಕಿ ಎಷ್ಟೇ ಇರಲಿ, ಜನ ಹೊಳೆ ದಾಟಿ ಇಳಿದುಬಿಡುತ್ತಿದ್ದರು. ಮುಂದಿನ ವರ್ಷ ಕೊಡಗಿನ ಬದಲು ಮಂಜರಾಬಾದಿನ ತೋಟಕ್ಕೆ ಹೋದರೆ ಹಳೆಯ ಮೇಸ್ತ್ರಿಯ ಕೈಗೆ ಸಿಗುವುದು ಕಷ್ಟ. ಇಬ್ಬರು ಮೇಸ್ತ್ರಿಗಳಿಂದ ಮುಂಗಡ ಪಡೆದು ಮೂರನೆಯವನ ತೋಟದಲ್ಲಿ ದುಡಿಯುವವರಿದ್ದಾರೆ ಎಂಬುದು ತೋಟದ ದೊರೆಗಳ ನಿತ್ಯದ ಗೋಳು. ದಕ್ಷಿಣ ಭಾರತದ ತೋಟಗಾರರು 1893ರಲ್ಲಿ ಬೆಂಗಳೂರಿನಲ್ಲಿ ಸೇರಿ ತಮ್ಮ ಸಂಯುಕ್ತ ಸಂಘ ಉಪಾಸಿಯನ್ನು ಕಟ್ಟಿಕೊಂಡಾಗ ಅವರ ಮುಂದಿದ್ದ ದೊಡ್ಡ ಪ್ರಶ್ನೆಗಳಲ್ಲಿ ಕೂಲಿಯಾಳಿನದೂ ಒಂದು. ಮದರಾಸು ಸರ್ಕಾರ ನೀಲಗಿರಿ, ವಯನಾಡು ಕಡೆಯ ತೋಟಗಳಿಗಾಗಿ 1903ರಲ್ಲಿ ಪ್ರತ್ಯೇಕ ಕಾಯಿದೆಯನ್ನೇ ಮಾಡಿಕೊಟ್ಟಿತು.

ಕೊನೆಗೆ ಭಾರತ ಸರ್ಕಾರ 1859ರ ಕಾಯಿದೆಯನ್ನು 1925ರಲ್ಲಿ ರದ್ದುಗೊಳಿಸಿತು. 1926ರ ಏಪ್ರಿಲ್‌ನಿಂದ ಅದು ಇಲ್ಲವಾಯಿತು. ಕೊಡಗಿನ ಶಾಸನ ಪರಿಷತ್ತು ಹುಟ್ಟಿ ಆಗಿನ್ನೂ ಎರಡು ವರ್ಷ. ಅದು ಮಾಡಿದ ಮೊದಮೊದಲ ಕೆಲಸಗಳಲ್ಲಿ ಒಂದು 1926ರ ಕೊಡಗು ಕೂಲಿ ಕಾಯಿದೆ. ದೇಶವೆಲ್ಲ ಬಿಟ್ಟದ್ದನ್ನು ಕೊಡಗು ಮಾತ್ರ ಐದು ವರ್ಷದ ಮಟ್ಟಿಗೆ ಉಳಿಸಿಕೊಂಡಿತು. ಆ ಅವಧಿ 1931ರಲ್ಲಿ ಮುಗಿಯಿತು. ಪರಿಷತ್ತಿನಲ್ಲಿ ತೋಟಗಾರರಿಗೆ ಸ್ಥಾನವಿತ್ತು. ಕೂಲಿಕಾರರಲ್ಲಿ ಹೆಚ್ಚಿನವರು ಮತದಾರರಾಗಿರುವುದಿರಲಿ, ಆ ಪ್ರಾಂತ್ಯದ ಪ್ರಜೆಗಳೂ ಆಗಿರಲಿಲ್ಲ.

ರಿಯೊ ಗ್ರಾಂಡೆಯ ದಡದಲ್ಲಿ

ಇತ್ತ ಹೀಗಿರುವಾಗ ಅತ್ತ ಮೆಕ್ಸಿಕೋದಲ್ಲಿ ಏನಾಗುತ್ತಿತ್ತು ಎಂದು ನೋಡಿದರೆ ಸಾಮ್ಯವೂ ಕಾಣುತ್ತದೆ, ವ್ಯತ್ಯಾಸವೂ ಕಾಣುತ್ತದೆ. ಅಮೆರಿಕ 1917ರಲ್ಲಿ ವಲಸಿಗರಿಗೆ ಅಕ್ಷರ ಪರೀಕ್ಷೆ ಮತ್ತು ಎಂಟು ಡಾಲರ್ ತಲೆಗಂದಾಯ ವಿಧಿಸಿತು. ಹೊಲದ ಮಾಲಿಕರು ಕೂಗಾಡಿದರು. ಅದೇ ವರ್ಷ ಮೆಕ್ಸಿಕೋದ ಕೂಲಿಗಳಿಗೆ ವಿನಾಯಿತಿ ಸಿಕ್ಕಿತು. 1924ರ ಕಾಯಿದೆ ದೇಶಕ್ಕಿಷ್ಟು ಎಂದು ಕೋಟಾ ಹಾಕಿ ಏಷ್ಯಾದವರಿಗೆ ಬಾಗಿಲು ಮುಚ್ಚಿದಾಗಲೂ ಮೆಕ್ಸಿಕೋ ಆ ಲೆಕ್ಕದಿಂದ ಹೊರಗೇ ಉಳಿಯಿತು. ಆದರೆ ಅದೇ ವರ್ಷ ಗಡಿ ಪಹರೆಯ ದಳವೂ ಹುಟ್ಟಿತು. 1929ರಲ್ಲಿ ಅನುಮತಿಯಿಲ್ಲದೆ ಗಡಿ ದಾಟುವುದೇ ಅಪರಾಧವೆನಿಸಿತು. ಕೊಡಗಿನಲ್ಲಿ ತೋಟ ಬಿಟ್ಟು ಹೋಗುವುದು ಅಪರಾಧ. ಅಲ್ಲಿ ಒಳಗೆ ಬರುವುದು ಅಪರಾಧ. ಎರಡೂ ಕಡೆ ಪೊಲೀಸರ ಭಯದಲ್ಲಿದ್ದ ಆಳು ಕೂಲಿ ಹೆಚ್ಚು ಕೇಳುವಂತಿರಲಿಲ್ಲ.

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಗಂಡಸರು ಸೈನ್ಯಕ್ಕೆ ಹೋದಾಗ ಎರಡೂ ಸರ್ಕಾರಗಳು ಸೇರಿ 1942ರ ಆಗಸ್ಟ್‌ನಲ್ಲಿ ಬ್ರಸೆರೊ ಎಂಬ ಯೋಜನೆ ಮಾಡಿಕೊಂಡವು. ಬ್ರಸೆರೊ ಎಂದರೆ ತೋಳಿನಿಂದ ದುಡಿಯುವವನು, ನಮ್ಮ ಮಾತಿನಲ್ಲಿ ರಟ್ಟೆಯಾಳು. ಸುಗ್ಗಿಗೆ ಬರುವುದು, ಮುಗಿದ ಮೇಲೆ ಹಿಂದಿರುಗುವುದು. 1964ರವರೆಗೆ ಸುಮಾರು 46 ಲಕ್ಷ ಕರಾರುಗಳಾದವು. ಮೊದಲ ವರ್ಷಗಳಲ್ಲಿ ಕೂಲಿಯ ಹತ್ತನೆಯ ಒಂದು ಭಾಗವನ್ನು ಉಳಿತಾಯವೆಂದು ಹಿಡಿದಿಟ್ಟುಕೊಳ್ಳಲಾಗುತ್ತಿತ್ತು. ಊರಿಗೆ ಮರಳಿದ ಮೇಲೆ ಸಿಗಬೇಕಾಗಿದ್ದ ಆ ಹಣ ಎಷ್ಟೋ ಜನಕ್ಕೆ ಸಿಗಲೇ ಇಲ್ಲ. ಕೊಡಗಿನಲ್ಲಿ ಆಳು ಮಾಲಿಕನಿಗೆ ಬಾಕಿದಾರ, ಅಲ್ಲಿ ಆಳಿಗೇ ಬಾಕಿ. ಜೈಲು ಕಂಡವನು ಇಲ್ಲಿನವನು ಮಾತ್ರ.

ವಿಚಿತ್ರವೆಂದರೆ ಮುಂದಿನದು. ಶೋಷಣೆಯ ದೂರುಗಳಿಂದಾಗಿ ಬ್ರಸೆರೊ ನಿಂತುಹೋಯಿತು. 1965ರಲ್ಲಿ ಬಂದ ಹೊಸ ವಲಸೆ ಕಾಯಿದೆ ಜನಾಂಗಭೇದದ ಹಳೆಯ ಕೋಟಾವನ್ನು ಕಿತ್ತುಹಾಕಿತು, ಅದು ನ್ಯಾಯವೇ. ಆದರೆ ಅದುವರೆಗೆ ಮಿತಿಯಿಲ್ಲದಿದ್ದ ಅಮೆರಿಕ ಖಂಡದ ದೇಶಗಳಿಗೂ ಮಿತಿ ಬಂತು. 1976ರ ತಿದ್ದುಪಡಿ ಮೆಕ್ಸಿಕೋಗೂ ಉಳಿದವರಂತೆ ವರ್ಷಕ್ಕೆ 20,000 ವೀಸಾ ಎಂದಿತು. 1950ರ ದಶಕದ ಕೊನೆಗೆ ವರ್ಷಕ್ಕೆ ಹತ್ತಿರ ಹತ್ತಿರ ಐದು ಲಕ್ಷ ಮಂದಿ ಕಾಯಿದೆಬದ್ಧವಾಗಿ ಬರುತ್ತಿದ್ದ ದಾರಿ ಅದು. ಹೊಲ ಅಲ್ಲೇ ಇತ್ತು, ಹಣ್ಣು ಅಲ್ಲೇ ಇತ್ತು, ಕೊಯ್ಯುವವರೂ ಅವರೇ. ಕಾಗದ ಮಾತ್ರ ಇಲ್ಲವಾಯಿತು.

ಇನ್ನೂ ಒಂದು ಸಂಗತಿ. 1986ರ ಕಾಯಿದೆ ಸುಮಾರು 27 ಲಕ್ಷ ಜನರ ವಾಸವನ್ನು ಸಕ್ರಮಗೊಳಿಸಿತು. 1990ರ ದಶಕದಲ್ಲಿ ಬೇಲಿ, ಪಹರೆ ಬಿಗಿಯಾದವು. ಇದರಿಂದ ಬರುವವರು ನಿಲ್ಲುತ್ತಾರೆಂದು ಎಣಿಸಿದ್ದರು. ನಿಂತದ್ದು ಹೋಗುವವರು. ಸುಗ್ಗಿ ಮುಗಿಸಿ ಊರಿಗೆ ಹೋದರೆ ಮತ್ತೆ ಬರುವುದು ಕಷ್ಟ, ಕಳ್ಳದಾರಿಯ ದಲ್ಲಾಳಿಗೆ ದುಬಾರಿ ಹಣ ತೆರಬೇಕು. ಹಾಗಾಗಿ ಜನ ಅಲ್ಲೇ ಉಳಿದರು, ಹೆಂಡತಿ ಮಕ್ಕಳನ್ನೂ ಕರೆಸಿಕೊಂಡರು. ಹೋಗಿ ಬರುತ್ತಿದ್ದವರನ್ನು ಬೇಲಿಯೇ ನೆಲೆಸುವಂತೆ ಮಾಡಿತು ಎಂದು ಡಗ್ಲಸ್ ಮ್ಯಾಸಿಯಂಥ ಸಮಾಜಶಾಸ್ತ್ರಜ್ಞರು ಲೆಕ್ಕ ಸಮೇತ ತೋರಿಸಿದ್ದಾರೆ.

ದೇಶಕ್ಕಿಷ್ಟೇ ಎಂಬ ಈ ನಿಯಮದ ಬಿಸಿ ಹಾಸನ ಜಿಲ್ಲೆಗೂ ತಟ್ಟದೆ ಇಲ್ಲ. ಕಂಪ್ಯೂಟರ್ ಕೆಲಸಕ್ಕೆಂದು ಅಮೆರಿಕಕ್ಕೆ ಹೋದ ನಮ್ಮವರು ಹಸಿರು ಕಾರ್ಡಿಗಾಗಿ ವರ್ಷಗಟ್ಟಲೆ ಸರದಿಯಲ್ಲಿ ನಿಂತಿರುವುದಕ್ಕೆ ಕಾರಣ ಅದೇ ಮಿತಿ.

ಗಡಿ ಅಳಿಸಿದ ಮೇಲೆ

ಕೊಡಗಿನ ಗಡಿಯ ಕತೆ ಬೇರೆ ದಿಕ್ಕಿಗೆ ತಿರುಗಿತು. ಮೊದಲನೆಯದಾಗಿ, ಸ್ವಾತಂತ್ರ್ಯದ ಆಚೀಚೆಯ ವರ್ಷಗಳಲ್ಲಿ ಡಿ.ಡಿ.ಟಿ. ಸಿಂಪಡಣೆ ಬಂತು, 1953ರಿಂದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ. ಚಳಿಜ್ವರ ಇಳಿದ ಮೇಲೆ ವರ್ಷವಿಡೀ ತೋಟದ ಲೈನ್ ಮನೆಯಲ್ಲಿ ಉಳಿಯುವುದು ಸಾಧ್ಯವಾಯಿತು. ಎರಡನೆಯದು, 1951ರ ತೋಟ ಕಾರ್ಮಿಕರ ಕಾಯಿದೆ. ದೊಡ್ಡ ತೋಟಗಳ ಮಾಲಿಕರು ಮನೆ, ಔಷಧೋಪಚಾರ, ಶಿಶುವಿಹಾರ, ಕುಡಿಯುವ ನೀರು ಒದಗಿಸಬೇಕೆಂದು ಅದು ಕಟ್ಟುನಿಟ್ಟು ಮಾಡಿತು. ಕಾಯಿದೆಯಲ್ಲಿದ್ದಷ್ಟು ತೋಟದಲ್ಲಿ ಕಾಣಲಿಲ್ಲ ಎನ್ನುವುದು ಸರಿ. ಆದರೂ ಆಳನ್ನು ಹಿಡಿದು ತರುವ ಕಾನೂನಿಂದ ಆಳಿಗೆ ಸೂರು ಕೊಡಿಸುವ ಕಾನೂನಿಗೆ ಬಂದದ್ದು ಸಣ್ಣ ಹಾದಿಯಲ್ಲ. ಆ ಕಾಯಿದೆಯನ್ನು ಮುಂದೆ 2020ರ ಕಾರ್ಮಿಕ ಸಂಹಿತೆಯೊಳಗೆ ಸೇರಿಸಲಾಯಿತು. ಮೂರನೆಯದು, 1956ರ ರಾಜ್ಯ ಪುನರ್ವಿಂಗಡಣೆ. ಕೊಪ್ಪದ ಸೇತುವೆ ಆಗ ಬರೀ ಸೇತುವೆಯಾಯಿತು.

ಮುಂಗಡ ಮಾತ್ರ ಅಳಿಯಲಿಲ್ಲ. 1976ರ ಜೀತ ಪದ್ಧತಿ ನಿರ್ಮೂಲನ ಕಾಯಿದೆ ಬಂದ ಮೇಲೆ, ಸಾಲಕ್ಕಾಗಿ ಆಳನ್ನು ಹಿಡಿದಿಟ್ಟುಕೊಂಡ ಮಾಲಿಕನಿಗೇ ಜೈಲು. 1859ಕ್ಕೆ ಅದು ತಲೆಕೆಳಗು. ಕಾಗದದ ಮೇಲೆ ಸಾಲ ಬರೆಯುವುದು ಕಡಿಮೆಯಾಗಿ ಬಾಯಿಮಾತಿನಲ್ಲಿ ಉಳಿಯಿತು.

ಬಯಲೂ ಹಿಂದಿನಂತಿಲ್ಲ. ಹಾರಂಗಿಯ ನಾಲೆ ನೀರು ಬಂತು. ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ತೆರೆಯಿತು. ಮುಂಗಾರಿನಲ್ಲಿ ತಂಬಾಕಿನ ಎಲೆ ಮುರಿದು ಬ್ಯಾರನ್ನಿನಲ್ಲಿ ಹದಮಾಡಲು ಇಲ್ಲಿಯೇ ಆಳು ಸಾಲದು. ಹೀಗಾಗಿ ಕೊಡಗಿನ ತೋಟಗಾರರು ಅಸ್ಸಾಮ್, ಬಂಗಾಳದ ಕೂಲಿಕಾರರನ್ನು ನಂಬಿಕೊಂಡರು. ಅವರ ಹಿಂದೆ ಗಡಿಯ ಪ್ರಶ್ನೆಯೂ ಬಂತು: ಇವರು ಈ ದೇಶದವರೋ ಅಲ್ಲವೋ? 2020ರ ಜನವರಿಯಲ್ಲಿ ಕೊಡಗಿನ ಪೊಲೀಸರು ಸಾವಿರಾರು ವಲಸೆ ಕಾರ್ಮಿಕರನ್ನು ಸೇರಿಸಿ ಗುರುತಿನ ಚೀಟಿ ಪರಿಶೀಲಿಸಿದರು. ಕೊಯ್ಲಿನ ಕಾಲ. ತೋಟದ ಕೆಲಸ ಬಿಟ್ಟು, ಕೈಯಲ್ಲಿ ಆಧಾರ್ ಕಾರ್ಡೋ ಮತದಾರರ ಚೀಟಿಯೋ ಹಿಡಿದು ಅವರು ಸಾಲುಗಟ್ಟಿ ನಿಲ್ಲಬೇಕಾಯಿತು.

ಬಯಲಿನ ತಾಲ್ಲೂಕುಗಳಿಂದ ಹೋಗುವವರು ಪೂರ್ತಿ ನಿಂತಿಲ್ಲ. ಲೈನ್ ಮನೆಯ ವಾಸ ಬೇಡವೆಂದು ದಿನಗೂಲಿಗೆ ಹೋಗಿಬರುತ್ತಾರೆ. ನಸುಕಿನಲ್ಲಿ ಬುತ್ತಿ ಕಟ್ಟಿಕೊಂಡು ಪಿಕಪ್ ವಾಹನದ ಹಿಂಬದಿಯಲ್ಲಿ ನಿಂತು ಹೊರಟರೆ ಕತ್ತಲಾಗುವ ಹೊತ್ತಿಗೆ ಮನೆ. ಮೇಸ್ತ್ರಿಯ ಕೆಲಸವನ್ನು ಎಷ್ಟೋ ಕಡೆ ವಾಹನದ ಚಾಲಕನೇ ಮಾಡುತ್ತಾನೆ. ಸರಕು ಸಾಗಿಸುವ ವಾಹನದಲ್ಲಿ ಜನರನ್ನು ತುಂಬುವಂತಿಲ್ಲವೆಂದು ಮೋಟಾರು ವಾಹನ ಕಾಯಿದೆ ಹೇಳುತ್ತದೆ. ದಾರಿಯಲ್ಲಿ ಪೊಲೀಸರು ಕೈ ಅಡ್ಡ ಹಾಕಿದರೆ ಅದಕ್ಕಾಗಿ. ದಂಡ ಕಟ್ಟುವುದು ಚಾಲಕ. ತಡವಾಗಿ ತೋಟ ತಲುಪಿದ ಆಳಿಗೆ ಅರ್ಧ ದಿನದ ಕೂಲಿ.