ಹೊಲದ ದಾರಿಯ ಪ್ರಾರ್ಥನೆ: ಹುಮನಾಬಾದ್–ಬಸವಕಲ್ಯಾಣ ಸೀಮೆಯ ಕ್ರೈಸ್ತ ನಡಿಗೆಯ ಒಂದು ವಿವೇಚನೆ

ನಡೆಯುತ್ತ ಮಾಡುವ ಕ್ರೈಸ್ತ ಪ್ರಾರ್ಥನೆಯ ಬಗ್ಗೆ ಬಂದಿರುವ ಬರಹಗಳಲ್ಲಿ ಹೆಚ್ಚಿನವು ಒಂದು ಚಿತ್ರವನ್ನು ಮೊದಲೇ ಒಪ್ಪಿಕೊಂಡಿರುತ್ತವೆ. ಊರಿನ ಗದ್ದಲಕ್ಕೆ ಬೇಸತ್ತವರು ಕಾಡಿಗೋ ಹೊಳೆದಂಡೆಗೋ ಹೋಗಿ, ಒಬ್ಬರೇ ಅಡ್ಡಾಡುತ್ತ ದೇವರನ್ನು ನೆನೆಯುತ್ತಾರೆ. ಈ ಚಿತ್ರಕ್ಕೆ ದೊಡ್ಡ ಪರಂಪರೆಯೇ ಇದೆ. ಇಗ್ನೇಷಿಯಸ್ ಲೊಯೋಲಾ ಅವರಿಗೆ 1522ರಲ್ಲಿ ಸ್ಪೇನಿನ ಕಾರ್ದೊನೇರ್ ಹೊಳೆಯ ಬದಿಯಲ್ಲಿ ಆದ ಒಳದರ್ಶನ ಕ್ಯಾಥೊಲಿಕ್ ಧ್ಯಾನಪದ್ಧತಿಗೆ ತಳಹದಿಯಾಯಿತು. 1548ರಲ್ಲಿ ಅಚ್ಚಾದ ಅವರ ಸಾಧನಾಗ್ರಂಥ ತನ್ನ ಮೊದಲ ಟಿಪ್ಪಣಿಯಲ್ಲೇ ಅಡ್ಡಾಟ, ನಡಿಗೆ, ಓಟಗಳನ್ನು ದೇಹದ ಸಾಧನೆಗಳೆಂದು ಎಣಿಸಿ, ಪ್ರಾರ್ಥನೆಯನ್ನು ಅವುಗಳ ಸಾಲಿಗೆ ತರುತ್ತದೆ.

ಬೀದರ್ ಜಿಲ್ಲೆಯ ಹುಮನಾಬಾದ್ ಮತ್ತು ಬಸವಕಲ್ಯಾಣ ತಾಲ್ಲೂಕುಗಳ ಕ್ರೈಸ್ತರಿಗೆ ಈ ಅಳತೆಗೋಲು ಹೊಂದುವುದಿಲ್ಲ ಎಂಬುದು ಈ ಲೇಖನದ ವಾದ. ಇಲ್ಲಿನ ಕ್ರೈಸ್ತ ಸಮುದಾಯ ಬಹುಮಟ್ಟಿಗೆ ಮೆಥಡಿಸ್ಟ್ ಪಂಥದ್ದು. ಅದು ಬೆಳೆದದ್ದು ದಲಿತ ಕೇರಿಗಳಲ್ಲಿ, ಅದರಲ್ಲೂ ಮುಖ್ಯವಾಗಿ ಮಾದಿಗರ ನಡುವೆ. ಬೇರೆಯವರ ಹೊಲದಲ್ಲಿ ಕಳೆ ಕಿತ್ತು, ತೊಗರಿ ಕೊಯ್ದು, ರಾಶಿ ಮಾಡಿ ಕೂಲಿ ಪಡೆದವರಿಗೆ ಬಯಲು ನೋಟದ ವಸ್ತುವಾಗಿರಲಿಲ್ಲ. ಆದ್ದರಿಂದ ಇವರ ನಡಿಗೆಯ ಪ್ರಾರ್ಥನೆಯನ್ನು ಹುಡುಕಬೇಕಾದ ಜಾಗವೇ ಬೇರೆ: ಬೋಧಕರು ತಿರುಗಿದ ಹಳ್ಳಿದಾರಿಗಳು, ಜಾತ್ರೆಯ ದಾರಿ, ಹೊಲದ ಬದು.

ಮೊದಲು ನೆಲ. ಈ ಸೀಮೆಯ ಎತ್ತರದ ಭಾಗಗಳಲ್ಲಿ ಕೆಂಪು ಜಂಬಿಟ್ಟಿಗೆ, ತಗ್ಗಿನಲ್ಲಿ ಕರಿ ಎರೆಮಣ್ಣು. ಎರೆ ಬೇಸಿಗೆಯಲ್ಲಿ ಅಂಗಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ; ಮಳೆ ಬಿದ್ದರೆ ಹೆಜ್ಜೆಹೆಜ್ಜೆಗೂ ಚಪ್ಪಲಿಗೆ ಮೆತ್ತಿಕೊಂಡು ಕಾಲು ಭಾರವಾಗುತ್ತದೆ, ಕೊನೆಗೆ ಚಪ್ಪಲಿ ಕೈಗೆ ಬರುತ್ತದೆ. ಡಾಂಬರು ಬರುವ ಮುಂಚೆ ಹಳ್ಳಿಯಿಂದ ಹಳ್ಳಿಗೆ ಹೋಗಲು ಅನುಕೂಲವಾಗಿದ್ದದ್ದು ಮಳೆ ನಿಂತ ಮೇಲಿನ ಚಳಿಗಾಲವೇ. ಮಿಷನರಿಗಳು ಡೇರೆ ಹಾಕಿಕೊಂಡು ಹಳ್ಳಿ ತಿರುಗುತ್ತಿದ್ದ ಕಾಲವೂ, ಹಿಂಗಾರಿ ಜೋಳ ಎದ್ದು ನಿಲ್ಲುವ ಕಾಲವೂ ಒಂದೇ ಆಗಿರುವುದಕ್ಕೆ ಈ ಮಣ್ಣೇ ಕಾರಣ. ಧರ್ಮದ ಇತಿಹಾಸ ಬರೆಯುವವರು ಮಣ್ಣಿನ ಗುಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಕಡಿಮೆ.

ಇನ್ನು ಮೆಥಡಿಸ್ಟರು. ಜಾನ್ ವೆಸ್ಲಿ 1739ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಮುತ್ತ ಬಯಲಿನಲ್ಲಿ ನಿಂತು ಬೋಧಿಸಲು ಆರಂಭಿಸಿದ್ದು ಪ್ರಕೃತಿಯ ಮೋಹದಿಂದಲ್ಲ. ಹಲವು ಚರ್ಚುಗಳ ಬಾಗಿಲು ಅವರಿಗೆ ಮುಚ್ಚಿತ್ತು. ಕಿಂಗ್ಸ್‌ವುಡ್ಡಿನ ಕಲ್ಲಿದ್ದಲು ಗಣಿಯ ಕೂಲಿಗಳು ಚರ್ಚಿನ ಒಳಗೆ ಬರುವವರೂ ಆಗಿರಲಿಲ್ಲ. ಬೋಧಕ ಒಂದೇ ಕಡೆ ನೆಲೆಯೂರದೆ ಊರೂರು ಸುತ್ತಬೇಕೆಂಬ ನಿಯಮ ಅಲ್ಲಿಂದ ಬೆಳೆಯಿತು. ಅಮೆರಿಕದಲ್ಲಿ ಅದಕ್ಕೆ ಇನ್ನೊಂದು ರೂಢಿ ಸೇರಿತು: 1800ರ ಆಸುಪಾಸಿನಿಂದ ಕುಟುಂಬಗಳು ಗಾಡಿ ಕಟ್ಟಿಕೊಂಡು ಬಂದು, ಮರಗಳ ನಡುವೆ ಡೇರೆ ಹಾಕಿ, ದಿನಗಟ್ಟಲೆ ಹಾಡು–ಪ್ರಾರ್ಥನೆಯಲ್ಲಿ ಕಳೆಯುವ ಕೂಟಗಳು. 1870ರಲ್ಲಿ ಭಾರತಕ್ಕೆ ಬಂದ ವಿಲಿಯಂ ಟೇಲರ್ ಮತ್ತು ಅವರ ನಂತರದವರು ಈ ಎರಡು ರೂಢಿಗಳನ್ನೂ ಜೊತೆಗೆ ತಂದರು. ನಿಜಾಮನ ಸಂಸ್ಥಾನಕ್ಕೆ ಸೇರಿದ್ದ ಬೀದರ್ ಸೀಮೆಗೆ ಮೆಥಡಿಸ್ಟ್ ಮಿಷನ್ ಬಂದಾಗ ಅದರ ಕೈಯಲ್ಲಿದ್ದದ್ದು ಕಟ್ಟಡದ ಧರ್ಮಕ್ಕಿಂತ ದಾರಿಯ ಧರ್ಮ.

ಈ ದಾರಿಗಳನ್ನು ಸವೆಸಿದವರು ಬಿಳಿಯ ಮಿಷನರಿಗಳಷ್ಟೇ ಅಲ್ಲ. 1869ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದ ಮೆಥಡಿಸ್ಟ್ ಮಹಿಳೆಯರ ಮಿಷನ್ ಸಂಘ ಭಾರತದ ತನ್ನ ಕ್ಷೇತ್ರಗಳಲ್ಲಿ ಸ್ಥಳೀಯ ಬೈಬಲ್ ಸ್ತ್ರೀಯರನ್ನು ನೇಮಿಸಿತು. ಮನೆಯಿಂದ ಮನೆಗೆ, ಕೇರಿಯಿಂದ ಕೇರಿಗೆ ಕಾಲ್ನಡಿಗೆಯಲ್ಲಿ ಹೋಗಿ ಹಾಡು ಕಲಿಸುವುದು, ಕಥೆ ಹೇಳುವುದು ಅವರ ಕೆಲಸ. ಅಮೆರಿಕದ ದಾನಿಗಳಿಗೆಂದು ಬರೆದ ವರದಿಗಳು ದೀಕ್ಷೆಯ ಲೆಕ್ಕ ಕೊಡುತ್ತವೆ; ಈ ಹೆಂಗಸರು ದಾರಿಯಲ್ಲಿ ಏನು ಹಾಡಿಕೊಳ್ಳುತ್ತಿದ್ದರು ಎಂಬುದಕ್ಕೆ ಅಂಕಣವಿಲ್ಲ. ಅಕ್ಷರ ಬಾರದವರ ನಡುವೆ ಪ್ರಾರ್ಥನೆ ಉಳಿದದ್ದು ಬಾಯಿಪಾಠದ ಹಾಡಿನಲ್ಲಿ. ಹಾಡು ಹೊಲಕ್ಕೆ ಹೋಗುವಾಗಲೂ ಬಾಯಲ್ಲಿರುತ್ತದೆ, ಪುಸ್ತಕ ಇರುವುದಿಲ್ಲ.

ಇಲ್ಲಿ ಮರಾಠಿಯ ನೆರಳನ್ನೂ ಗಮನಿಸಬೇಕು. ಬಸವಕಲ್ಯಾಣದಿಂದ ಮಹಾರಾಷ್ಟ್ರದ ಉಮರ್ಗಾ ದೂರವಿಲ್ಲ; ಪಂಢರಪುರದ ವಾರಿಗೆ ಅಭಂಗ ಹೇಳಿಕೊಂಡು ನಡೆಯುವವರು ಈ ಸೀಮೆಗೆ ಹೊಸಬರಲ್ಲ. 1895ರಲ್ಲಿ ದೀಕ್ಷೆ ಪಡೆದ ಮರಾಠಿ ಕವಿ ನಾರಾಯಣ ವಾಮನ ಟಿಳಕರು (1861–1919) ಅಭಂಗ, ಕೀರ್ತನೆಗಳನ್ನೇ ಕ್ರಿಸ್ತಭಕ್ತಿಗೆ ಒಗ್ಗಿಸಿದರು. ತಾವು ಕ್ರಿಸ್ತನ ಬಳಿಗೆ ಬಂದದ್ದು ತುಕಾರಾಮನ ಸೇತುವೆ ದಾಟಿ ಎಂದು ಅವರು ಹೇಳಿಕೊಂಡದ್ದು ಪ್ರಸಿದ್ಧ. ಕಲ್ಯಾಣದ ನೆಲವೆಂದ ಕೂಡಲೇ ಶರಣರ ಜಂಗಮ ತತ್ವವನ್ನು ತಂದು ಕ್ರೈಸ್ತ ನಡಿಗೆಗೆ ಗಂಟು ಹಾಕುವ ಆಸೆ ಯಾರಿಗಾದರೂ ಆದೀತು. ನನಗೆ ಅದು ಅವಸರದ ಹೋಲಿಕೆಯಾಗಿ ಕಾಣುತ್ತದೆ. ಹನ್ನೆರಡನೆಯ ಶತಮಾನದ ತತ್ವ ಇಪ್ಪತ್ತನೆಯ ಶತಮಾನದ ಕೇರಿಯನ್ನು ತಲುಪಿದ ಬಗೆಯನ್ನು ತೋರಿಸದೆ ಎರಡನ್ನೂ ಪಕ್ಕಪಕ್ಕ ಇಟ್ಟರೆ ಚೆಂದ ಕಂಡೀತು, ಸಂಶೋಧನೆಯಾಗದು. ವಾರಕರಿಗಳ ಜೊತೆಗಿನ ಹೋಲಿಕೆಗೆ ಕಣ್ಣೆದುರಿನ ದಾರಿಯ ಆಧಾರವಾದರೂ ಇದೆ.

ಅಮೆರಿಕದ ಡೇರೆಕೂಟ ಮತ್ತು ದಖ್ಖನಿನ ಜಾತ್ರೆ ಒಂದಕ್ಕೊಂದು ಬೆಸೆದದ್ದು ಧಾರೂರಿನಲ್ಲಿ. ಈಗಿನ ತೆಲಂಗಾಣದ ವಿಕಾರಾಬಾದ್ ಬಳಿಯ ಈ ಊರಿನ ಕಾಡಂಚಿನಲ್ಲಿ 1923ರಲ್ಲಿ ಶುರುವಾದ ಮೆಥಡಿಸ್ಟ್ ಕ್ರೈಸ್ತ ಜಾತ್ರೆ ಪ್ರತಿ ನವೆಂಬರಿನಲ್ಲಿ ನಡೆಯುತ್ತದೆ. ಕರ್ನಾಟಕ, ಮಹಾರಾಷ್ಟ್ರಗಳಿಂದಲೂ ಜನ ಬರುತ್ತಾರೆ. 1956ರ ನವೆಂಬರ್ 1ರಂದು ಬೀದರ್ ಮೈಸೂರು ರಾಜ್ಯಕ್ಕೆ ಸೇರಿ ಮಧ್ಯೆ ರಾಜ್ಯದ ಗಡಿ ಬಿದ್ದರೂ ಜಾತ್ರೆಯ ನಂಟು ಹರಿಯಲಿಲ್ಲ. ಮರದಡಿ ಬಿಡಾರ, ಮೂರು ಕಲ್ಲಿನ ಒಲೆ, ಮಕ್ಕಳುಮರಿ, ಹರಕೆ, ರಾತ್ರಿಯಿಡೀ ಭಜನೆ: ಹೊರಗಿನವರಿಗೆ ಇದು ಯಾವುದೇ ದೇವರ ಜಾತ್ರೆಯಂತೆ ಕಂಡರೆ ಆಶ್ಚರ್ಯವಿಲ್ಲ. ಹುಮನಾಬಾದಿನಲ್ಲೇ ವೀರಭದ್ರೇಶ್ವರನ ಜಾತ್ರೆ, ಪಕ್ಕದ ಮಾಣಿಕನಗರದಲ್ಲಿ ಮಾಣಿಕಪ್ರಭುಗಳ ಉತ್ಸವ ನೋಡುತ್ತ ಬೆಳೆದವರಿಗೆ ದೇವರ ಹತ್ತಿರ ಹೋಗುವುದೆಂದರೆ ಮನೆಮಂದಿಯ ಜೊತೆ ಬುತ್ತಿ ಕಟ್ಟಿಕೊಂಡು ಹೊರಡುವುದು. ಏಕಾಂತ ಇಲ್ಲಿ ಪ್ರಾರ್ಥನೆಯ ಷರತ್ತೇ ಅಲ್ಲ.

ಬೈಬಲ್ಲೂ ಇದನ್ನು ತಳ್ಳಿಹಾಕುವುದಿಲ್ಲ. ಆದಿಕಾಂಡದ ಇಸಾಕ ಸಂಜೆ ಒಬ್ಬನೇ ಹೊಲಕ್ಕೆ ಧ್ಯಾನಕ್ಕೆಂದು ಹೋಗುತ್ತಾನೆ, ನಿಜ. ಆದರೆ 120ರಿಂದ 134ರವರೆಗಿನ ಹದಿನೈದು ಕೀರ್ತನೆಗಳು ಯೆರೂಸಲೇಮಿಗೆ ಗುಂಪಾಗಿ ಏರುವವರ ಹಾಡುಗಳೆಂದೇ ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಲೂಕನ ಸುವಾರ್ತೆಯ ಎಮ್ಮಾಹುವಿನ ದಾರಿ, ಸುಮಾರು ಹನ್ನೊಂದು ಕಿ.ಮೀ., ಇಬ್ಬರು ಮಾತಾಡುತ್ತ ಸವೆಸಿದ್ದು. ಮೂರನೆಯವನು ಬಂದು ಸೇರಿದ್ದು ಆ ಮಾತಿನ ನಡುವೆಯೇ. ಇನ್ನೊಂದು ಪ್ರಸಂಗ ಈ ಸೀಮೆಗೆ ಇನ್ನೂ ಹತ್ತಿರ. ಸಬ್ಬತ್ ದಿನ ಹೊಲ ಹಾದು ಹೋಗುವಾಗ ಹಸಿದ ಶಿಷ್ಯರು ತೆನೆ ಮುರಿದು ತಿಂದರು, ಅದಕ್ಕೆ ಆಕ್ಷೇಪ ಬಂತು, ಯೇಸು ಅವರ ಪರ ನಿಂತರು. ನಗರದ ಪ್ರವಚನಕಾರರು ಇದನ್ನು ಸಬ್ಬತ್ತಿನ ನಿಯಮದ ಚರ್ಚೆಯಾಗಿ ಓದುತ್ತಾರೆ. ಎಳೆಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಿಸಿಯಿರುವಾಗಲೇ ಬಡಿದು ಉದುರಿಸಿದ ಸೀತನಿಯನ್ನು ಬೊಗಸೆಯಲ್ಲಿ ಹಿಡಿದು ತಿಂದ ಕೂಲಿಯವರಿಗೆ ಅಲ್ಲಿ ಮೊದಲು ಏಳುವ ಪ್ರಶ್ನೆ ಬೇರೆ: ಆ ಹೊಲ ಯಾರದು, ಅವರು ಸುಮ್ಮನಿದ್ದರೇ?

ಇದೇ ಪ್ರಶ್ನೆ ಎಳ್ಳಮಾಸಿಯ ದಿನ ಮತ್ತೆ ಎದುರಾಗುತ್ತದೆ. ಅಂದು ಭಜ್ಜಿ, ಕಡುಬು, ಅಂಬಲಿ ಹೊತ್ತುಕೊಂಡು ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಭೂಮಿತಾಯಿಗೆ ಪೂಜೆ, ಬದುವಿನುದ್ದಕ್ಕೂ ಚರಗ, ಆಮೇಲೆ ಸಾಲುಊಟ. ಪೂಜೆಯ ಕಾರಣಕ್ಕೆ ಇದು ತಮ್ಮದಲ್ಲ ಎನ್ನುವ ಪಾಸ್ಟರುಗಳ ನಿಲುವು ಅರ್ಥವಾಗುವಂಥದ್ದೇ. ಆದರೆ ಪೈರಿನ ನಡುವೆ ಸುತ್ತು ಹಾಕುತ್ತ ಪ್ರಾರ್ಥಿಸುವ ರೂಢಿ ಕ್ರೈಸ್ತಸಭೆಗೂ ಹಳೆಯದು. ಸುಮಾರು 470ರಲ್ಲಿ ಗಾಲ್ ದೇಶದ ವಿಯೆನ್ ಪಟ್ಟಣದ ಬಿಷಪ್ ಮಾಮೆರ್ತುಸ್ ವಿಪತ್ತುಗಳ ನಡುವೆ ಆರಂಭಿಸಿದ ಬಿನ್ನಹದ ಮೆರವಣಿಗೆ, ಮುಂದೆ ಯೂರೋಪಿನ ಹಳ್ಳಿಗಳಲ್ಲಿ ಸ್ವರ್ಗಾರೋಹಣದ ಹಬ್ಬಕ್ಕೆ ಮುಂಚಿನ ಮೂರು ದಿನ ಹೊಲದ ಎಲ್ಲೆಯುದ್ದಕ್ಕೂ ನಡೆದು ಬೆಳೆಗಾಗಿ ಬೇಡುವ ಆಚರಣೆಯಾಯಿತು. 2005ರಲ್ಲಿ ರಚನೆಯಾದ ಗುಲ್ಬರ್ಗಾ ಧರ್ಮಪ್ರಾಂತ್ಯದ ಕ್ಯಾಥೊಲಿಕರಿಗಾಗಲಿ, 1981ರಲ್ಲಿ ಸ್ವಾಯತ್ತವಾದ ಭಾರತದ ಮೆಥಡಿಸ್ಟ್ ಚರ್ಚಿಗಾಗಲಿ, ಬದುವಿನ ಮೇಲೆ ನಡೆದು ಪ್ರಾರ್ಥಿಸಲು ಹೊಸ ದೇವತಾಶಾಸ್ತ್ರ ಬೇಕಿಲ್ಲ. ಸ್ವಂತ ಬದುವಿಲ್ಲದ ಕುಟುಂಬಗಳು ಯಾರ ಹೊಲ ಸುತ್ತಬೇಕು ಎಂಬುದನ್ನು ಮಾತ್ರ ಮಾಮೆರ್ತುಸರ ಪರಂಪರೆ ಹೇಳಿಕೊಡುವುದಿಲ್ಲ. ಅದು ಪಹಣಿಗೆ ಸೇರಿದ ಮಾತು.